ಹಾಲೆಯ ಹಾಡು ವೇಪೇರಿಗೆ ಬಂದ ಬಗೆ

ಜರ್ಮನಿಯ ಸಾಲೆ ನದಿಯ ದಡದಲ್ಲಿ ಹಾಲೆ ಎಂಬ ಪಟ್ಟಣವಿದೆ. ಉಪ್ಪಿನ ಬಾವಿಗಳಿಂದ ಬೆಳೆದ ಊರದು. ಅದರ ಸಂತೆ ಚೌಕದಲ್ಲಿ ನಾಲ್ಕು ಗೋಪುರಗಳ ಒಂದು ದೊಡ್ಡ ಚರ್ಚು. ಮಧ್ಯಯುಗದಲ್ಲಿ ಅಲ್ಲಿ ಸಂತ ಗೆರ್ಟ್ರೂಡಳ ಹೆಸರಿನದೊಂದು, ಸಂತ ಮರಿಯಳ ಹೆಸರಿನದೊಂದು, ಹೀಗೆ ಎರಡು ಚರ್ಚುಗಳು ಹತ್ತಿರ ಹತ್ತಿರ ನಿಂತಿದ್ದವು. 1529ರಲ್ಲಿ ಕಾರ್ಡಿನಲ್ ಆಲ್ಬ್ರೆಖ್ಟನ ಅಪ್ಪಣೆಯಂತೆ ಎರಡನ್ನೂ ಕೆಡವಿ, ಗೋಪುರಗಳನ್ನಷ್ಟೇ ಉಳಿಸಿಕೊಂಡು, ನಡುವೆ ಹೊಸ ಮಂಟಪವನ್ನು ಎತ್ತತೊಡಗಿದರು. ಚರ್ಚಿನ ಸುಧಾರಕ ಲೂಥರನ ಬೋಧನೆಗೆ ತಡೆಗೋಡೆಯಾಗಲಿ ಎಂಬುದು ಕಾರ್ಡಿನಲನ ಆಸೆ. ಕಟ್ಟಡ ಮುಗಿದದ್ದು 1554ರಲ್ಲಿ. ಅಷ್ಟರೊಳಗೆ ಊರೇ ಲೂಥರನ ಕಡೆ ವಾಲಿತ್ತು. ಲೂಥರನು ಸ್ವತಃ ಆ ಚರ್ಚಿನಲ್ಲಿ ಉಪದೇಶ ಮಾಡಿದನು. 1546ರಲ್ಲಿ ಅವನ ಪಾರ್ಥಿವ ಶರೀರವೂ ವಿಟೆನ್‌ಬರ್ಗಿಗೆ ಹೋಗುವ ದಾರಿಯಲ್ಲಿ ಒಂದು ರಾತ್ರಿ ಅಲ್ಲಿ ತಂಗಿತು.

ಲೂಥರನಿಗೂ ಮುಂಚೆ ಆ ದೇಶದ ಆರಾಧನೆಯಲ್ಲಿ ಹಾಡುವ ಹಕ್ಕು ಬಹುಮಟ್ಟಿಗೆ ಪಾದ್ರಿಯದು ಮತ್ತು ಗಾಯಕವೃಂದದ್ದು. ಹಾಡಿನ ಭಾಷೆ ಲ್ಯಾಟಿನ್. ನೆರೆದ ಜನ ಕೇಳುವವರು. ಲೂಥರನು ಹಾಡನ್ನು ಜನರ ಬಾಯಿಗೆ, ಜನರ ಮಾತಿನಲ್ಲಿಯೇ ಕೊಟ್ಟನು. ಕಮ್ಮಾರನೂ ಉಪ್ಪು ಕಾಯಿಸುವವನೂ ಗೃಹಿಣಿಯೂ ಒಂದೇ ಧಾಟಿಯಲ್ಲಿ ಹಾಡುವ ಆ ಕೋರಲ್ ಗೀತೆಗಳು ಹಾಲೆಯ ಸಂತೆ ಚರ್ಚಿನಲ್ಲಿ ಬೇರೂರಿದವು. 1684ರಿಂದ ಅಲ್ಲಿ ಆರ್ಗನ್ ನುಡಿಸುತ್ತಿದ್ದವನು ಫ್ರೀಡ್ರಿಖ್ ವಿಲ್ಹೆಲ್ಮ್ ಜಾಖೋ. 1685ರಲ್ಲಿ ಅದೇ ಊರಲ್ಲಿ ಹುಟ್ಟಿ, ಅದೇ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದ ಜಾರ್ಜ್ ಫ್ರೀಡ್ರಿಖ್ ಹ್ಯಾಂಡಲ್ ಬಾಲ್ಯದಲ್ಲಿ ಸಂಗೀತ ಕಲಿತದ್ದು ಈ ಜಾಖೋನ ಬಳಿ. ಜಾಖೋ ತೀರಿಕೊಂಡ ಮೇಲೆ, 1713ರಲ್ಲಿ, ಆ ಹುದ್ದೆಗೆ ಯೊಹಾನ್ ಸೆಬಾಸ್ಟಿಯನ್ ಬಾಖನನ್ನು ಕರೆದರು. ಬಾಖ್ ಒಪ್ಪಲಿಲ್ಲ, ಆದರೆ 1716ರಲ್ಲಿ ಹೊಸ ಆರ್ಗನ್ನಿನ ಪರೀಕ್ಷೆಗೆ ಬಂದು ಹೋದನು. ಮೂರು ದಶಕದ ನಂತರ ಅವನ ಹಿರಿಯ ಮಗ ವಿಲ್ಹೆಲ್ಮ್ ಫ್ರೀಡೆಮಾನ್ ಅಲ್ಲಿಯೇ ಆರ್ಗನ್ ನುಡಿಸುವವನಾದನು.

ಇಂಥ ಊರಿನಲ್ಲಿ 1690ರ ದಶಕದಲ್ಲಿ ಆಗುಸ್ಟ್ ಹೆರ್ಮಾನ್ ಫ್ರಾಂಕೆ ಎಂಬ ಪಾದ್ರಿ ಅನಾಥ ಮಕ್ಕಳಿಗಾಗಿ ಆಶ್ರಮವನ್ನೂ ಶಾಲೆಗಳನ್ನೂ ಕಟ್ಟಿದರು. ಅವರ ಜೊತೆಗಾರ ಯೊಹಾನ್ ಆನಾಸ್ಟಾಸಿಯುಸ್ ಫ್ರೈಲಿಂಗ್‌ಹೌಜೆನ್ 1704ರಲ್ಲಿ ಹಾಡುಗಳ ಒಂದು ದೊಡ್ಡ ಸಂಗ್ರಹವನ್ನು ಸ್ವರಲಿಪಿಯೊಂದಿಗೆ ಅಚ್ಚು ಹಾಕಿಸಿದರು. ಎರಡೇ ವರ್ಷದಲ್ಲಿ, ಅಂದರೆ 1706ರ ಜುಲೈ 9ರಂದು, ಹಾಲೆಯಲ್ಲಿ ಓದಿದ ಬಾರ್ಥೊಲೊಮೇಯುಸ್ ಜೀಗೆನ್‌ಬಾಲ್ಗ್ ಮತ್ತು ಹೈನ್ರಿಖ್ ಪ್ಲ್ಯೂಟ್ಷೌ ಡೆನ್ಮಾರ್ಕಿನ ದೊರೆಯ ಅಪ್ಪಣೆಯ ಮೇರೆಗೆ ಕಾವೇರಿಯ ಮುಖಜ ಭೂಮಿಯ ತರಂಗಂಬಾಡಿಯಲ್ಲಿ ಇಳಿದರು. ಅಲ್ಲಿಂದ ಮುಂದೆ ಒಂದು ಶತಮಾನಕ್ಕೂ ಮೀರಿ ಹಾಲೆಯಿಂದ ಜನ ಬರುತ್ತಲೇ ಇದ್ದರು. ಅವರ ಪೆಟ್ಟಿಗೆಗಳಲ್ಲಿ ಬೈಬಲ್ಲಿನ ಜೊತೆಗೆ ಹಾಡಿನ ಪುಸ್ತಕವೂ ಇರುತ್ತಿತ್ತು. ಧರ್ಮ ಪ್ರಸಾರದ ಚರಿತ್ರೆ ಬರೆದವರು ಬೈಬಲ್ ಅನುವಾದಕ್ಕೂ ಅಚ್ಚುಕೂಟಕ್ಕೂ ಪುಟಗಟ್ಟಲೆ ಜಾಗ ಕೊಟ್ಟು ಹಾಡಿಗೆ ಒಂದೆರಡು ಸಾಲು ಬಿಟ್ಟುಕೊಟ್ಟಿದ್ದಾರೆ. ಓದು ಬಾರದ ಸಾವಿರಾರು ಜನರೊಳಗೆ ಈ ಧರ್ಮ ಇಳಿದದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಹಾಡಿನಿಂದ ಎಂದು ನಾನು ನಂಬುತ್ತೇನೆ.

ತರಂಗಂಬಾಡಿಯಿಂದ ಮದರಾಸಿಗೆ ಬಂದು ನಿಂತ ಮೊದಲಿಗರು ಬೆಂಜಮಿನ್ ಶುಲ್ಟ್ಸೆ. 1720ರ ದಶಕದಲ್ಲಿ ಅವರು ಇಲ್ಲಿ ನೆಲೆಗೊಂಡು ತಮಿಳು, ತೆಲುಗುಗಳಲ್ಲಿ ಕೆಲಸ ಮಾಡಿದರು. ಕೋಟೆಯೊಳಗೆ ಇಂಗ್ಲಿಷರಿಗೆ 1680ರಲ್ಲಿ ಪ್ರತಿಷ್ಠೆಗೊಂಡ ಸೇಂಟ್ ಮೇರೀಸ್ ಚರ್ಚು ಇತ್ತು. ಕೋಟೆಯ ಹೊರಗಿನ ತಮಿಳು ಸಭೆ ಹಾಲೆಯವರ ಪಾಲಿಗೆ ಬಂತು. ಅವರ ವೆಚ್ಚವನ್ನು ಲಂಡನ್ನಿನ ಒಂದು ಆಂಗ್ಲಿಕನ್ ಸಂಸ್ಥೆ ಭರಿಸುತ್ತಿತ್ತು. ಇಂಗ್ಲಿಷರ ಹಣ, ಜರ್ಮನ್ ಪಾದ್ರಿ, ತಮಿಳು ಸಭೆ: ನೂರು ವರ್ಷ ನಡೆದದ್ದು ಈ ಏರ್ಪಾಡು.

1742ರಲ್ಲಿ ಶುಲ್ಟ್ಸೆಯವರ ಜಾಗಕ್ಕೆ ಬಂದವರು ಯೊಹಾನ್ ಫಿಲಿಪ್ ಫ್ಯಾಬ್ರಿಸಿಯಸ್. ಹೆಸ್ಸೆ ಸೀಮೆಯ ಕ್ಲೇಬೆರ್ಗಿನಲ್ಲಿ 1711ರಲ್ಲಿ ಹುಟ್ಟಿದವರು, ಮೊದಲು ಕಾನೂನು ಓದಿ ಆಮೇಲೆ ಹಾಲೆಯಲ್ಲಿ ದೈವಶಾಸ್ತ್ರ ಕಲಿತವರು. ಹ್ಯಾಂಡಲ್‌ನ ‘ಮೆಸ್ಸಾಯ’ ಡಬ್ಲಿನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದು ಇದೇ ವರ್ಷದ ಏಪ್ರಿಲಿನಲ್ಲಿ. ಹಾಲೆಯ ಒಬ್ಬ ಮಗನ ಸಂಗೀತ ಯುರೋಪಿನ ದೊಡ್ಡ ಸಭಾಂಗಣಗಳನ್ನು ತುಂಬುತ್ತಿದ್ದಾಗ, ಹಾಲೆಯ ಇನ್ನೊಬ್ಬ ಶಿಷ್ಯ ಮದರಾಸಿನ ಬಿಸಿಲಿನಲ್ಲಿ ಬಡ ಸಭೆಯೊಂದಕ್ಕೆ ಹಾಡು ಕಲಿಸಲು ಕುಳಿತರು. ಅವರು ಮತ್ತೆ ತಾಯ್ನಾಡಿಗೆ ಹೋಗಲಿಲ್ಲ, ಮದುವೆಯಾಗಲಿಲ್ಲ. ಸುಮಾರು ಐವತ್ತು ವರ್ಷ ಈ ನೆಲದಲ್ಲೇ ದುಡಿದು ಇಲ್ಲಿಯೇ ಮಣ್ಣಾದರು.

ಕಾಲ ಮಾತ್ರ ಸುಗಮವಾಗಿರಲಿಲ್ಲ. 1746ರಲ್ಲಿ ಫ್ರೆಂಚರು ಮದರಾಸನ್ನು ಹಿಡಿದಾಗ ಮಿಷನ್ನಿನ ನೆಲೆ ಹಾಳಾಯಿತು. ಫ್ಯಾಬ್ರಿಸಿಯಸ್ ತಮ್ಮವರನ್ನು ಕಟ್ಟಿಕೊಂಡು ಡಚ್ಚರ ಪಳವೇರ್ಕಾಡಿಗೆ ಹೋದರು. ಒಪ್ಪಂದದ ಪ್ರಕಾರ 1749ರಲ್ಲಿ ಊರು ಮತ್ತೆ ಇಂಗ್ಲಿಷರ ಕೈಗೆ ಬಂತು. ಮದರಾಸಿನ ವೇಪೇರಿಯಲ್ಲಿ ಪೆಟ್ರುಸ್ ಉಸ್ಕಾನ್ ಎಂಬ ಅರ್ಮೇನಿಯನ್ ವರ್ತಕ ಕಟ್ಟಿಸಿದ ಒಂದು ಚರ್ಚಿತ್ತು. ಅಡ್ಯಾರು ಹೊಳೆಗೆ ಮರ್ಮಲಾಂಗ್ ಸೇತುವೆಯನ್ನೂ ಸಂತ ಥೋಮಸರ ಬೆಟ್ಟಕ್ಕೆ ಮೆಟ್ಟಿಲುಗಳನ್ನೂ ಕಟ್ಟಿಸಿದ ದಾನಿ ಇವನೇ. ಕ್ಯಾಥೊಲಿಕ್ ಪಾದ್ರಿಗಳು ಫ್ರೆಂಚರಿಗೆ ಒತ್ತಾಸೆಯಾಗಿದ್ದರೆಂಬ ಗುಮಾನಿಯ ಮೇಲೆ ಇಂಗ್ಲಿಷರು ಆ ಚರ್ಚನ್ನು ಕಿತ್ತುಕೊಂಡು 1752ರಲ್ಲಿ ಫ್ಯಾಬ್ರಿಸಿಯಸರ ಸಭೆಗೆ ಕೊಟ್ಟರು. ಅರ್ಮೇನಿಯನ್ನನ ಭಕ್ತಿಯಿಂದ ಎದ್ದ ಗೋಡೆಗಳು ಹೀಗೆ ಲೂಥರನ ಹಾಡುಗಳಿಗೆ ಆಸರೆಯಾದವು. ಕಿತ್ತುಕೊಂಡದ್ದು ನ್ಯಾಯವಲ್ಲ, ಹಾಡು ಬೆಳೆದದ್ದು ಮಾತ್ರ ಅಲ್ಲಿಯೇ.

ಫ್ಯಾಬ್ರಿಸಿಯಸರ ಮುಂದಿದ್ದ ತೊಡಕು ಸಣ್ಣದಲ್ಲ. ಜರ್ಮನ್ ಕೋರಲ್ಲಿನ ನಡಿಗೆ ನಿಂತಿರುವುದು ಮಾತಿನ ಒತ್ತಿನ ಮೇಲೆ. ಒತ್ತಕ್ಷರ, ಒತ್ತಿಲ್ಲದ ಅಕ್ಷರ ಎಂದು ಸಾಲು ಹೆಜ್ಜೆ ಹಾಕುತ್ತದೆ. ಪ್ರಾಸ ಸಾಲಿನ ಕೊನೆಯಲ್ಲಿ ಬೀಳುತ್ತದೆ. ತಮಿಳಿನಲ್ಲಿ, ನಮ್ಮ ಕನ್ನಡದಲ್ಲಿರುವಂತೆಯೇ, ಪದ್ಯದ ಲಯ ಹುಟ್ಟುವುದು ಗುರು ಲಘುಗಳ ಕಾಲದ ಅಳತೆಯಿಂದ. ಪ್ರಾಸದ ಜೀವ ಸಾಲಿನ ಎರಡನೆಯ ಅಕ್ಷರದಲ್ಲಿ. ಷಟ್ಪದಿಯೊಂದನ್ನು ಬ್ಯಾಂಡಿನ ಧಾಟಿಗೆ ಕೂರಿಸಲು ಹೊರಟವರಿಗೆ ಈ ಕಷ್ಟ ತಿಳಿದೀತು: ರಾಗ ಎಳೆಯುವ ಕಡೆ ಲಘು ಬಂದು ನಿಲ್ಲುತ್ತದೆ, ಗುರು ಬರಬೇಕಾದಲ್ಲಿ ರಾಗ ಓಡಿಹೋಗುತ್ತದೆ. ಧಾಟಿಯನ್ನು ಮುರಿಯುವಂತಿಲ್ಲ, ಏಕೆಂದರೆ ಇಡೀ ಸಭೆ ಒಟ್ಟಿಗೆ ಹಾಡಬೇಕು. ತಮಿಳನ್ನೂ ಮುರಿಯುವಂತಿಲ್ಲ, ಏಕೆಂದರೆ ಕೇಳುವವರು ತಮಿಳರು. ಫ್ಯಾಬ್ರಿಸಿಯಸ್ ತಮ್ಮ ಅನುವಾದಗಳನ್ನು ಬಲ್ಲವರಿಗೂ ಅರಿಯದವರಿಗೂ ಓದಿಸಿ, ಎಲ್ಲಿ ಎಡವುತ್ತಾರೆ ಎಂದು ನೋಡಿ, ಮತ್ತೆ ಮತ್ತೆ ತಿದ್ದಿದರು. ಬೈಬಲ್ಲಿಗೆ ಕೊಟ್ಟ ತಾಳ್ಮೆಯನ್ನೇ ಅವರು ಹಾಡಿಗೂ ಕೊಟ್ಟರು. ಹಾಗೆ ಹುಟ್ಟಿದ ಜ್ಞಾನಪಾಟ್ಟುಗಳು ಇಂದಿಗೂ ತಮಿಳು ಚರ್ಚುಗಳ ಹಾಡಿನ ಪುಸ್ತಕದಲ್ಲಿವೆ.

1761ರಲ್ಲಿ ಐರ್ ಕೂಟ್ ಪುದುಚೇರಿಯನ್ನು ಗೆದ್ದಾಗ ಅಲ್ಲಿನ ಅಚ್ಚುಯಂತ್ರವನ್ನು ಮದರಾಸಿಗೆ ತಂದನು. ಸರ್ಕಾರದ ಕೆಲಸ ಬಂದಾಗ ಅದನ್ನು ಮೊದಲು ಮುಗಿಸಿಕೊಡಬೇಕು ಎಂಬ ಷರತ್ತಿನ ಮೇಲೆ ಯಂತ್ರ ವೇಪೇರಿಗೆ ಬಂತು. ಹಾಡುಗಳೂ, ಫ್ಯಾಬ್ರಿಸಿಯಸರ ತಮಿಳು ಹೊಸ ಒಡಂಬಡಿಕೆಯೂ, 1779ರ ತಮಿಳು ಇಂಗ್ಲಿಷ್ ನಿಘಂಟೂ ವೇಪೇರಿಯ ಅಚ್ಚಿನಿಂದ ಹೊರಬಂದವು.

ಆ 1779ನೆಯ ಇಸವಿಯಲ್ಲಿ ನಮ್ಮ ನಾಡಿಗೂ ಈ ಹಾಡು ಒಮ್ಮೆ ಬಂದು ಹೋಯಿತು. ಮದರಾಸು ಸರ್ಕಾರ ಹೈದರಲಿಯ ಮನಸ್ಸನ್ನು ತಿಳಿಯಲು, ತಂಜಾವೂರು ತಿರುಚಿರಾಪಳ್ಳಿಗಳಲ್ಲಿ ಹೆಸರಾಗಿದ್ದ ಕ್ರಿಸ್ಟಿಯನ್ ಫ್ರೀಡ್ರಿಖ್ ಶ್ವಾರ್ಟ್ಸ್ ಅವರನ್ನು ಶ್ರೀರಂಗಪಟ್ಟಣಕ್ಕೆ ಕಳುಹಿಸಿತು. ಶ್ವಾರ್ಟ್ಸ್ ಕೂಡ ಹಾಲೆಯಲ್ಲಿ ಓದಿದವರೇ. ತಮಿಳಿನ ಮೊದಲ ಪಾಠವನ್ನು ಅಲ್ಲಿ ಮುದಿ ಶುಲ್ಟ್ಸೆಯವರಿಂದ ಕಲಿತು 1750ರಲ್ಲಿ ಬಂದವರು. ಹೈದರನ ಸೈನ್ಯದಲ್ಲಿ ಜರ್ಮನರೂ ಫ್ರೆಂಚರೂ ಇದ್ದರು, ತಮಿಳು ಕ್ರೈಸ್ತ ಸಿಪಾಯಿಗಳೂ ಇದ್ದರು. ಅವರಿಗಾಗಿ ಶ್ವಾರ್ಟ್ಸ್ ಡೇರೆಯೊಂದರಲ್ಲಿ ಭಾನುವಾರದ ಆರಾಧನೆ ನಡೆಸಿದರು, ಹಾಡಿದರು, ಉಪದೇಶಿಸಿದರು, ಯಾರೂ ತಡೆಯಲಿಲ್ಲ. ಕಾವೇರಿಯ ಆ ದ್ವೀಪದಲ್ಲಿ ಲೂಥರನ ಕಾಲದ ಧಾಟಿಗಳು ಕೇಳಿಬಂದದ್ದನ್ನು ನಮ್ಮ ಮೈಸೂರಿನ ಇತಿಹಾಸಗಳು ದಾಖಲಿಸಬೇಕಿತ್ತು. ಹೈದರನು ದಾರಿಖರ್ಚಿಗೆಂದು ಕೊಟ್ಟ ಮುನ್ನೂರು ರೂಪಾಯಿಯನ್ನು ಶ್ವಾರ್ಟ್ಸ್ ಅನಾಥ ಮಕ್ಕಳ ಶಾಲೆಗೆ ವಿನಿಯೋಗಿಸಿದರು. ಮರುವರ್ಷವೇ ಯುದ್ಧ ಹತ್ತಿಕೊಂಡು ಹೈದರನ ದಂಡು ಕರ್ನಾಟಿಕ್ ಬಯಲಿಗೆ ಇಳಿಯಿತು. ವೇಪೇರಿಯ ಸುತ್ತಲಿನ ಜನ ಕೋಟೆಗೆ ಓಡಿದರು, ಹಿಂದೆಯೇ ಬರಗಾಲ.

ಫ್ಯಾಬ್ರಿಸಿಯಸರ ಕೊನೆಗಾಲ ನೋವಿನದು. ಮಂದಿ ನಂಬಿ ಇಟ್ಟ ಹಣವನ್ನು ಅವರು ತಮ್ಮ ಉಪದೇಶಿಯ ಮಾತು ಕೇಳಿ ಬಡ್ಡಿಗೆ ಬಿಟ್ಟರು, ಹಣ ಮರಳಲಿಲ್ಲ. ಸಾಲದ ಮೇಲೆ ಆ ವೃದ್ಧ ಸೆರೆಮನೆ ಕಾಣಬೇಕಾಯಿತು. 1788ರಲ್ಲಿ ಸಭೆಯ ಹೊಣೆ ಕ್ರಿಸ್ಟಿಯನ್ ವಿಲ್ಹೆಲ್ಮ್ ಗೆರಿಕೆಯವರಿಗೆ ಹೋಯಿತು. 1791ರ ಜನವರಿಯಲ್ಲಿ, ಎಂಬತ್ತನ್ನು ಮುಟ್ಟಿ, ಫ್ಯಾಬ್ರಿಸಿಯಸ್ ಕಣ್ಣುಮುಚ್ಚಿದರು. ಲೆಕ್ಕಪತ್ರದಲ್ಲಿ ಸೋತ ಆ ಮನುಷ್ಯನ ಹಾಡುಗಳು ಆ ಹೊತ್ತಿಗೆ ಕನ್ಯಾಕುಮಾರಿಯ ದಿಕ್ಕಿನ ಹಳ್ಳಿಗಳವರೆಗೆ ಹರಡಿದ್ದವು.

ಇತ್ತ ಮದರಾಸಿನಲ್ಲಿ ಎರಡು ಸಂಗೀತಗಳು ಒಂದರ ಕಿವಿಗೆ ಒಂದು ಬೀಳತೊಡಗಿದ್ದವು. ಮಣಲಿಯ ಮುದಲಿಯಾರರ ಆಶ್ರಯದಲ್ಲಿದ್ದ ರಾಮಸ್ವಾಮಿ ದೀಕ್ಷಿತರ ಮಕ್ಕಳು ಕೋಟೆಯ ಬ್ಯಾಂಡನ್ನು ಕೇಳಿದರು. ಬಾಲುಸ್ವಾಮಿ ದೀಕ್ಷಿತರು ಯುರೋಪಿಯನ್ನರಿಂದ ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ತಂದರು. ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ನೋಟ್ಟುಸ್ವರಗಳನ್ನು ರಚಿಸಿದರು. ಫ್ಯಾಬ್ರಿಸಿಯಸ್ ಪರದೇಶದ ಧಾಟಿಗೆ ತಮಿಳನ್ನು ಹೊಂದಿಸಿದರೆ, ದೀಕ್ಷಿತರು ಅದೇ ಊರಲ್ಲಿ ಪರದೇಶದ ಧಾಟಿಗೆ ದೇವಿಯ ಸ್ತುತಿಯನ್ನು ಹೊಂದಿಸಿದರು. ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿದಿತ್ತೆಂದು ಹೇಳಲಾಗದು. ಮದರಾಸಿನ ಗಾಳಿ ಅಂಥದಾಗಿತ್ತು.

ಎದುರು ದಿಕ್ಕಿನಿಂದ ನಡೆದವರು ವೇದನಾಯಗಂ ಶಾಸ್ತ್ರಿಯಾರ್. 1774ರಲ್ಲಿ ಪಾಳೆಯಂಕೋಟೆಯಲ್ಲಿ ಹುಟ್ಟಿದ ಅವರನ್ನು ಶ್ವಾರ್ಟ್ಸ್ ಹುಡುಗನಾಗಿದ್ದಾಗಲೇ ತಂಜಾವೂರಿಗೆ ಕರೆತಂದು ಸಾಕಿದರು. ಮುಂದೆ ದೊರೆಯಾದ ಎರಡನೆಯ ಸರ್ಫೋಜಿ ಅವರ ಓರಗೆಯವನು. ಅವನೂ ಶ್ವಾರ್ಟ್ಸ್, ಗೆರಿಕೆಯವರ ಆರೈಕೆಯಲ್ಲಿ ಬೆಳೆದವನು. ಶಾಸ್ತ್ರಿಯಾರರು 1800ರಲ್ಲಿ ‘ಬೆತ್ಲಹೇಂ ಕುರವಂಜಿ’ ರಚಿಸಿದರು. ಕೈನೋಡಿ ಕಣಿ ಹೇಳುವ ನಮ್ಮ ಕೊರವಂಜಿಯೇ ಅಲ್ಲಿ ಕ್ರಿಸ್ತನ ಸಭೆಗೆ ಭವಿಷ್ಯ ನುಡಿಯುತ್ತಾಳೆ. ನೂರಾರು ಕೀರ್ತನೆಗಳನ್ನು ರಾಗ ತಾಳಕ್ಕೆ ಹೊಂದಿಸಿ, ನಮ್ಮ ಹರಿಕಥೆಯನ್ನು ಹೋಲುವ ಕಥಾಕಾಲಕ್ಷೇಪದ ರೀತಿಯಲ್ಲಿ ಊರೂರು ಹಾಡಿದರು. ಪಲ್ಲವಿ, ಅನುಪಲ್ಲವಿ, ಚರಣ ಎಲ್ಲವೂ ಇದ್ದ, ಕ್ರಿಸ್ತನನ್ನು ಕುರಿತ ಪದಗಳು ಅವು.

1825ರ ಸುಮಾರಿಗೆ ವೇಪೇರಿ ಪೂರ್ತಿಯಾಗಿ ಆಂಗ್ಲಿಕನ್ನರ ಆಡಳಿತಕ್ಕೆ ಸೇರಿತು. ಅದೇ ದಶಕದಲ್ಲಿ ಅಲ್ಲಿ ಸೇಂಟ್ ಮತ್ತಾಯಸ್ ಚರ್ಚು ಎದ್ದಿತು. ಹಳೆಯ ಜರ್ಮನರಲ್ಲಿ ಉಳಿದಿದ್ದವರು ಸ್ಟ್ರಾಸ್‌ಬರ್ಗಿನ ಯೊಹಾನ್ ಪೀಟರ್ ರಾಟ್ಲರ್, ಗಿಡಮೂಲಿಕೆಗಳನ್ನು ಬಲ್ಲ ಸಸ್ಯಶಾಸ್ತ್ರಿ, ತಮಿಳು ನಿಘಂಟುಕಾರ. ಅವರು 1836ರಲ್ಲಿ ತೀರಿಕೊಂಡರು. ಹೊಸ ತಲೆಮಾರಿನ ಪಾದ್ರಿಗಳಿಗೆ ಹಳಬರ ಸಮಾಧಾನ ಇರಲಿಲ್ಲ. ಶಾಸ್ತ್ರಿಯಾರರು ತಮ್ಮ ಬರಹದಲ್ಲಿ ನಾಲ್ಕು ಕ್ರೌರ್ಯಗಳನ್ನು ಎಣಿಸಿದರು: ಫ್ಯಾಬ್ರಿಸಿಯಸರ ಬೈಬಲ್ಲನ್ನು ಬದಿಗೊತ್ತಿ ಹೊಸ ಅನುವಾದ ತಂದದ್ದು, ಜಾತಿಗಳನ್ನು ಬೆರೆಸಿ ಕೂರಿಸಿದ್ದು, ಹಬ್ಬ ಹರಿದಿನಗಳಲ್ಲಿ ಹೂವನ್ನು ಬೇಡವೆಂದದ್ದು, ಆರಾಧನೆಯಿಂದ ತಮಿಳು ಸಂಗೀತವನ್ನು ತೆಗೆದುಹಾಕಿದ್ದು. ಎರಡನೆಯದರಲ್ಲಿ ಅವರು ತಪ್ಪಿದ್ದರು. ದೇವರ ಮುಂದೆಯೂ ಬೇರೆ ಚಾಪೆ ಬೇಕೆಂಬುದು ಯಾವ ಕಾಲಕ್ಕೂ ಒಪ್ಪುವಂಥದ್ದಲ್ಲ. ಆ ಹಟದಿಂದಲೇ ವೇಪೇರಿಯ ಸಭೆ ಒಡೆಯಿತು. ನಾಲ್ಕನೆಯದರಲ್ಲಿ ನ್ಯಾಯ ಪೂರ್ಣವಾಗಿ ಅವರ ಕಡೆಗಿತ್ತು. ಜನರ ಬಾಯಿಗೆ ಜನರ ಹಾಡು ಎಂದು ಹೊರಟವನು ಲೂಥರ್. ಅವನ ಮಾತನ್ನು ಚೆನ್ನಾಗಿ ಅರಿತವರು ತಂಜಾವೂರಿನ ಈ ಕವಿ. ರಾಗವನ್ನು ಚರ್ಚಿನಿಂದ ಹೊರಗಿಟ್ಟ ಪಾದ್ರಿಗಳಲ್ಲ.

ಒಡೆದ ಸಭೆಯ ಒಂದು ಭಾಗ ಮುಂದೆ ಜರ್ಮನಿಯ ಲೈಪ್‌ಜಿಗ್ ಮಿಷನ್ನನ್ನು ಸೇರಿ ಲೂಥರನ್ನರಾಗಿಯೇ ಉಳಿಯಿತು. ಹೊರಗಿಟ್ಟ ಕೀರ್ತನೆಗಳೂ ಹೆಚ್ಚು ಕಾಲ ಹೊರಗಿರಲಿಲ್ಲ. ಮದುರೆಯ ಅಮೆರಿಕನ್ ಮಿಷನ್ನಿನ ಎಡ್ವರ್ಡ್ ವೆಬ್ ಶಾಸ್ತ್ರಿಯಾರರ ಮನೆತನದವರ ನೆರವಿನಿಂದ ಅವುಗಳನ್ನು ಕಲಿತು 1853ರಲ್ಲಿ ಆರಾಧನೆಗೆಂದೇ ಅಚ್ಚು ಹಾಕಿಸಿದರು. ಶಾಸ್ತ್ರಿಯಾರರು ಬದುಕಿದ್ದು 1864ರವರೆಗೆ. ತಮ್ಮ ಹಾಡು ಒಳಕ್ಕೆ ಮರಳಿದ್ದನ್ನು ಕಂಡೇ ಹೋದರು.

ಮದರಾಸು ಪ್ರಾಂತ್ಯಕ್ಕೇ ಸೇರಿದ್ದ ಮಂಗಳೂರಿನಲ್ಲಿ 1834ರಲ್ಲಿ ಇಳಿದ ಬಾಸೆಲ್ ಮಿಷನ್ನಿನವರಿಗೂ ಇದೇ ಪ್ರಶ್ನೆ ಎದುರಾಯಿತು. ಜರ್ಮನ್ ಧಾಟಿಗೆ ಕನ್ನಡ ಹಾಡು ಕಟ್ಟಿದರು. ಅದೇ ಮಿಷನ್ನಿನ ಕಿಟೆಲ್ ಅವರು 1860ರ ದಶಕದಲ್ಲಿ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡದ ಮಟ್ಟುಗಳಿಗೇ ಒಪ್ಪಿಸಿದರು. ನಿಘಂಟಿನ ಕಿಟೆಲ್ ನಮಗೆ ಪರಿಚಿತ, ಹಾಡಿನ ಕಿಟೆಲ್ ಅಷ್ಟಿಲ್ಲ.

1919ರ ಜನವರಿ 14ರಂದು ಲೂಥರನ್ನರು ತಮಿಳು ಇವ್ಯಾಂಜೆಲಿಕಲ್ ಲೂಥರನ್ ಚರ್ಚು ಎಂಬ ಸ್ವಂತ ಸಂಸ್ಥೆಯಾದರು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ಸ್ ಕೆಥೆಡ್ರಲಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಸೇಂಟ್ ಮತ್ತಾಯಸ್ ಚರ್ಚು ಅದರೊಳಗೆ ಬಂತು. ಹೀಗೆ ಒಡೆದ ಎರಡು ಕವಲುಗಳೂ ಬೇರೆ ಬೇರೆ ಮನೆ ಸೇರಿದವು. ಆದರೆ ಚೆನ್ನೈನ ತಮಿಳು ಸಭೆಗಳಲ್ಲಿ ಭಾನುವಾರದ ಆರಾಧನೆಗೆ ಬರುವವರು ಪಾಮಾಲೈ, ಕೀರ್ತನೈ ಎಂಬ ಎರಡು ಹಾಡಿನ ಪುಸ್ತಕಗಳನ್ನೂ ಕೈಯಲ್ಲಿ ಹಿಡಿದೇ ಬರುತ್ತಾರೆ. ಮೊದಲನೆಯದರಲ್ಲಿ ಫ್ಯಾಬ್ರಿಸಿಯಸ್, ಎರಡನೆಯದರಲ್ಲಿ ವೇದನಾಯಗಂ ಶಾಸ್ತ್ರಿಯಾರ್. ಇಂದು ಯಾವ ಹಾಡು ಎಂದು ಸಂಖ್ಯೆ ಕೂಗಿದಾಗ ಜನ ಒಮ್ಮೆ ಈ ಪುಸ್ತಕ ತೆರೆಯುತ್ತಾರೆ, ಒಮ್ಮೆ ಆ ಪುಸ್ತಕ.