ಹಾಸ್ಪೈಸ್ ಆರೈಕೆ: ಹೈದರಾಬಾದ್ ಮತ್ತು ಗಡಿಯ ಕನ್ನಡ ಜಿಲ್ಲೆಗಳು

ವಾಸಿಯಾಗುವ ಹಂತ ದಾಟಿದ ಕಾಯಿಲೆಯವರಿಗೆ ನೋವು, ಉಸಿರುಕಟ್ಟು, ಹುಣ್ಣು, ವಾಂತಿ, ನಿದ್ರೆಗೇಡುಗಳಿಂದ ಬಿಡುಗಡೆ ಕೊಟ್ಟು, ಅವರ ಮನೆಯವರಿಗೂ ಆಸರೆಯಾಗಿ ನಿಲ್ಲುವ ಸೇವೆಯೇ ಹಾಸ್ಪೈಸ್ ಆರೈಕೆ. ಇದು ಉಪಶಾಮಕ ಆರೈಕೆಯ ಒಂದು ಭಾಗ. ಉಪಶಾಮಕ ಆರೈಕೆಯನ್ನು ಕಾಯಿಲೆ ಪತ್ತೆಯಾದ ದಿನದಿಂದಲೇ ಚಿಕಿತ್ಸೆಯ ಜೊತೆಜೊತೆಗೆ ಕೊಡಬಹುದು; ಹಾಸ್ಪೈಸ್ ಸೇವೆ ಕೊನೆಯ ತಿಂಗಳು, ವಾರಗಳದ್ದು. ಸಾವನ್ನು ಬೇಗ ತರುವುದೂ ಮುಂದೂಡುವುದೂ ಇದರ ಉದ್ದೇಶವಲ್ಲ. ಈ ಸೇವೆಗೆ ಕಟ್ಟಡ ಇರಲೇಬೇಕೆಂದಿಲ್ಲ. ರೋಗಿಯ ಮನೆಗೇ ದಾದಿಯೊಬ್ಬರು ವಾರಕ್ಕೊಮ್ಮೆ ಬಂದುಹೋಗುವ ಏರ್ಪಾಡೂ ಹಾಸ್ಪೈಸ್ ಆರೈಕೆಯೇ.

ಇಂದಿನ ರೂಪದ ಹಾಸ್ಪೈಸ್ ಆರಂಭವಾದದ್ದು 1967ರಲ್ಲಿ, ಲಂಡನ್ನಿನ ಸೇಂಟ್ ಕ್ರಿಸ್ಟೋಫರ್ಸ್‌ನಲ್ಲಿ. ಅದನ್ನು ಕಟ್ಟಿದ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿ, ಬಳಿಕ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ ದುಡಿದು ಆಮೇಲೆ ವೈದ್ಯೆಯಾದವರು. ಮೈಯ ನೋವು, ಮನಸ್ಸಿನ ಕಳವಳ, ಮನೆಯ ಚಿಂತೆ, ದೇವರ ಮೇಲಿನ ಪ್ರಶ್ನೆ ಎಲ್ಲವೂ ಒಂದೇ ನೋವಿನ ಮುಖಗಳು ಎಂಬುದು ಅವರ ನಿಲುವಾಗಿತ್ತು. ಭಾರತದ ಮೊದಲ ಹಾಸ್ಪೈಸ್ ಮುಂಬಯಿಯ ಶಾಂತಿ ಅವೇದನಾ ಸದನ, 1986ರಲ್ಲಿ ಶುರುವಾಯಿತು. 1993ರಲ್ಲಿ ಕೋಯಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಆರಂಭಿಸಿದ ನೋವು ನಿವಾರಣಾ ಸಂಘ ಈ ಕೆಲಸವನ್ನು ಆಸ್ಪತ್ರೆಯ ಗೋಡೆ ದಾಟಿಸಿ ಊರವರ ಕೈಗೆ ಕೊಟ್ಟಿತು.

ಹೈದರಾಬಾದಿನ ಹಿಮಾಯತ್‌ನಗರ, ನಾರಾಯಣಗುಡ, ಕಾಚಿಗುಡ ಭಾಗ ಕನ್ನಡಿಗರಿಗೆ ಹಳೆಯ ನಂಟಿನ ಜಾಗ. ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆ ಇರುವುದು ಕಾಚಿಗುಡದಲ್ಲಿ. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ರಾಜ್ಯ ಬದಲಾದರೂ ದೊಡ್ಡ ಕಾಯಿಲೆ ಬಂದಾಗ ಹಿಡಿಯುವ ದಾರಿ ಬದಲಾಗಲಿಲ್ಲ. ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್, ಹೈದರಾಬಾದ್ ಸುಮಾರು 140. ಆದ್ದರಿಂದ ಈ ಜಿಲ್ಲೆಗಳ ಬಹಳಷ್ಟು ಕ್ಯಾನ್ಸರ್ ರೋಗಿಗಳು ಇಂದಿಗೂ ಹೈದರಾಬಾದಿನ ಆಸ್ಪತ್ರೆಗಳ ಕಡೆಗೇ ಬರುತ್ತಾರೆ.

ಹಿಮಾಯತ್‌ನಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ರೆಡ್ ಹಿಲ್ಸ್‌ನಲ್ಲಿ ಎಂಎನ್‌ಜೆ ಗಂಥಿ ಸಂಸ್ಥೆ ಇದೆ. 1955ರಲ್ಲಿ ಸ್ಥಾಪನೆಯಾದ ಈ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗೆ ಹೈದರಾಬಾದ್ ರಾಜ್ಯದ ಸಚಿವರಾಗಿದ್ದು ಮುಂದೆ ಗುಜರಾತಿನ ಮೊದಲ ರಾಜ್ಯಪಾಲರಾದ ಮೆಹದಿ ನವಾಜ್ ಜಂಗ್ ಅವರ ಹೆಸರಿದೆ. 2000ರ ದಶಕದಲ್ಲಿ ಡಾ. ಗಾಯತ್ರಿ ಪಾಲಾಟ್ ಅವರ ಮುಂದಾಳತ್ವದಲ್ಲಿ ಇಲ್ಲಿ ಉಪಶಾಮಕ ವಿಭಾಗ ಬೆಳೆಯಿತು. ಅದರ ಜೊತೆಗೆ ಕೆಲಸ ಮಾಡುವ ನೋವು ನಿವಾರಣೆ ಮತ್ತು ಉಪಶಾಮಕ ಆರೈಕೆ ಸೊಸೈಟಿ ಮನೆಭೇಟಿಯ ತಂಡಗಳನ್ನೂ ಮಕ್ಕಳಿಗಾಗಿ ಪ್ರತ್ಯೇಕ ಸೇವೆಯನ್ನೂ ಕಟ್ಟಿದೆ. ಕೂಕಟ್‌ಪಲ್ಲಿಯಲ್ಲಿ, ಕುಷ್ಠರೋಗಿಗಳಿಗಾಗಿ ರಾಣಿ ಕುಮುದಿನಿ ದೇವಿ ಸ್ಥಾಪಿಸಿದ ಶಿವಾನಂದ ಪುನರ್ವಸತಿ ಕೇಂದ್ರದ ಆವರಣದಲ್ಲಿ ಅವರದೇ ಹೆಸರಿನ ಹಾಸ್ಪೈಸ್ ಇದೆ. ನಗರದ ಇನ್ನೊಂದು ಹಾಸ್ಪೈಸ್ ಸ್ಪರ್ಶ್. ರೋಟರಿ ಕ್ಲಬ್ ಆಫ್ ಬಂಜಾರಾ ಹಿಲ್ಸ್ 2011ರಲ್ಲಿ ಆರಂಭಿಸಿದ ಇದು ಮುಂದೆ ಖಾಜಾಗುಡದಲ್ಲಿ ದೊಡ್ಡ ಕಟ್ಟಡ ಕಟ್ಟಿಕೊಂಡಿತು. ರೋಗಿಗಳಿಂದ ಹಣ ತೆಗೆದುಕೊಳ್ಳುವುದಿಲ್ಲ.

ಮಾರ್ಫಿನ್ ಪ್ರಶ್ನೆ

ಕೊನೆಯ ಹಂತದ ಕ್ಯಾನ್ಸರ್ ನೋವಿಗೆ ಮುಖ್ಯ ಔಷಧ ಮಾರ್ಫಿನ್ ಮಾತ್ರೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಮೂರು ಮೆಟ್ಟಿಲಿನ ಕ್ರಮವನ್ನು ಮುಂದಿಟ್ಟಿತು: ಸಣ್ಣ ನೋವಿಗೆ ಪ್ಯಾರಾಸಿಟಮಾಲ್‌ನಂಥವು, ನಡುವಿನದಕ್ಕೆ ಕೊಡೀನ್‌ನಂಥವು, ತೀವ್ರ ನೋವಿಗೆ ಮಾರ್ಫಿನ್. ಮಾಮೂಲಿ ಮಾರ್ಫಿನ್ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ಗಂಟೆ ಮಾತ್ರ. ಆದ್ದರಿಂದ ನೋವು ಬಂದ ಮೇಲೆ ನುಂಗುವುದಲ್ಲ, ಗಡಿಯಾರ ನೋಡಿ ನುಂಗಬೇಕು. ಮಲಬದ್ಧತೆ ಆಗಿಯೇ ಆಗುತ್ತದೆ. ಅದಕ್ಕೆ ಮಲ ಸಡಿಲಿಸುವ ಔಷಧವನ್ನೂ ಮೊದಲ ದಿನದಿಂದಲೇ ಬರೆಯಬೇಕು. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರಬಹುದು. ನೋವಿಗೆ ತಕ್ಕಷ್ಟು ಅಳೆದು ಕೊಟ್ಟ ಮಾರ್ಫಿನ್‌ನಿಂದ ರೋಗಿ ವ್ಯಸನಿಯಾಗುವುದು ತೀರ ಅಪರೂಪ. ಈ ಭಯದಿಂದ ಔಷಧ ತಡೆಹಿಡಿಯುವ ಮನೆಯವರೂ ವೈದ್ಯರೂ ರೋಗಿಯನ್ನು ಸುಮ್ಮನೆ ನರಳಿಸುತ್ತಿದ್ದಾರೆ.

ಔಷಧ ದುಬಾರಿಯದೂ ಅಲ್ಲ, ಹೊರದೇಶದ್ದೂ ಅಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಪರವಾನಗಿ ಪಡೆದ ರೈತರು ಅಫೀಮು ಬೆಳೆಯುತ್ತಾರೆ. ಗಾಜೀಪುರ ಮತ್ತು ನೀಮಚ್‌ನ ಸರ್ಕಾರಿ ಕಾರ್ಖಾನೆಗಳು ಅದನ್ನು ಸಂಸ್ಕರಿಸುತ್ತವೆ. ಆದರೆ 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಒಂದು ಆಸ್ಪತ್ರೆ ಮಾರ್ಫಿನ್ ತರಿಸಬೇಕಾದರೆ ಹಲವು ಇಲಾಖೆಗಳ ಪರವಾನಗಿ ಬೇಕಾಯಿತು. ಒಂದರ ಅವಧಿ ಮುಗಿಯುವುದರೊಳಗೆ ಇನ್ನೊಂದು ಸಿಗುತ್ತಿರಲಿಲ್ಲ. ವರ್ಷಕ್ಕೆ ನೂರಾರು ಕಿಲೋ ಇದ್ದ ದೇಶದ ವೈದ್ಯಕೀಯ ಬಳಕೆ 1997ರ ಹೊತ್ತಿಗೆ 20 ಕಿಲೋಗಿಂತ ಕೆಳಗಿಳಿಯಿತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಹೈದರಾಬಾದಿನ ರೋಗಿಗಳನ್ನೂ ಮಾತನಾಡಿಸಿ 2009ರಲ್ಲಿ ವರದಿಯೊಂದನ್ನು ಪ್ರಕಟಿಸಿತು. ಸರ್ಕಾರದ ನೆರವು ಪಡೆದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳಲ್ಲೇ ಅರ್ಧಕ್ಕಿಂತ ಹೆಚ್ಚು ಕಡೆ ಮಾರ್ಫಿನ್ ಇಲ್ಲ, ಉಪಶಾಮಕ ಆರೈಕೆಯೂ ಇಲ್ಲ ಎಂದು ಅದು ದಾಖಲಿಸಿತು. 2014ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು. ಈಗ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಸಂಸ್ಥೆ ಮಾರ್ಫಿನ್ ಸೇರಿದಂತೆ ಆರು ಅಗತ್ಯ ಔಷಧಗಳನ್ನು ಇಟ್ಟುಕೊಳ್ಳಬಹುದು. ಕಾನೂನಿನ ತೊಡಕು ಬಹುಪಾಲು ಕಳೆದಿದೆ. ಉಳಿದಿರುವುದು ಮಾನ್ಯತೆಗೆ ಅರ್ಜಿ ಹಾಕದ ಆಸ್ಪತ್ರೆಗಳ ಉದಾಸೀನ ಮತ್ತು ತರಬೇತಿಯ ಕೊರತೆ.

ಮನೆಯಲ್ಲಿ ನಡೆಯುವ ಆರೈಕೆ

"ಇನ್ನೇನೂ ಆಗಾಂಗಿಲ್ರಿ, ಮನಿಗಿ ಕರ್ಕೊಂಡು ಹೋಗ್ರಿ" ಎಂಬ ಮಾತಿನೊಂದಿಗೆ ಆಸ್ಪತ್ರೆಯ ಕೆಲಸ ಮುಗಿಯುತ್ತದೆ, ಮನೆಯವರ ಕೆಲಸ ಶುರುವಾಗುತ್ತದೆ. ಆ ಕೆಲಸದ ಬಹುಪಾಲು ಹೆಂಡತಿ, ಸೊಸೆ, ಮಗಳ ಪಾಲಿಗೆ ಬರುತ್ತದೆ. ಕೂಲಿ ತಪ್ಪುತ್ತದೆ, ಚಿಕಿತ್ಸೆಗೆ ಮಾಡಿದ ಸಾಲ ಹಾಗೇ ನಿಂತಿರುತ್ತದೆ.

ಹಾಸ್ಪೈಸ್ ದಾದಿಯರು ಮನೆಯವರಿಗೆ ಕಲಿಸುವ ಸಂಗತಿಗಳು ಸರಳ, ಆದರೆ ಯಾರಾದರೂ ಕಲಿಸಲೇಬೇಕು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನುಹುಣ್ಣು ತಡೆಯಬಹುದು. ತಂಬಾಕು, ಗುಟ್ಕಾದಿಂದ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಈ ಭಾಗದಲ್ಲಿ ಬಹಳ. ಹುಣ್ಣು ಹೊರಗೊಡೆದಾಗ ಬರುವ ದುರ್ವಾಸನೆಯಿಂದ ಮಕ್ಕಳೂ ಹತ್ತಿರ ಬರಲು ಹಿಂಜರಿಯುತ್ತಾರೆ. ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಹುಣ್ಣಿನ ಮೇಲೆ ಉದುರಿಸಿದರೆ ಕೆಲವೇ ದಿನಗಳಲ್ಲಿ ವಾಸನೆ ತಗ್ಗುತ್ತದೆ. ಕೆಲವೇ ರೂಪಾಯಿಯ ಈ ಮದ್ದು ಒಬ್ಬ ತಾಯಿಯನ್ನು ಮತ್ತೆ ಮನೆಮಂದಿಯ ನಡುವೆ ಕೂರಿಸಬಲ್ಲದು. ಉಸಿರು ಕಟ್ಟಿದಂತಾದಾಗ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಮುಖಕ್ಕೆ ಫ್ಯಾನಿನ ಗಾಳಿ ತಾಗುವಂತೆ ಮಾಡಿದರೆ ಸಮಾಧಾನ ಸಿಗುತ್ತದೆ. ವೈದ್ಯರು ಹೇಳಿದಷ್ಟು ಸಣ್ಣ ಪ್ರಮಾಣದ ಮಾರ್ಫಿನ್ ಕೂಡ ಇಲ್ಲಿ ನೆರವಾಗುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಊಟದ ವಿಷಯ. ನಮ್ಮಲ್ಲಿ ಉಣ್ಣಿಸುವುದೇ ಪ್ರೀತಿ. ಕೊನೆಯ ದಿನಗಳಲ್ಲಿ ದೇಹ ಅನ್ನ ನೀರು ಬೇಡವೆನ್ನುವುದು ಸಾವಿನ ಸಹಜ ಭಾಗ. ಆಗ ಬಲವಂತವಾಗಿ ಗಂಜಿ ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ತುಟಿ, ನಾಲಗೆ ಒದ್ದೆಮಾಡಿದರೆ ಸಾಕು. ಅದು ತೀರ್ಥವಾಗಿರಲಿ, ಜಮ್‌ಜಮ್ ನೀರಾಗಿರಲಿ, ಒಂದೆರಡು ಹನಿಗೆ ಯಾವ ವೈದ್ಯರ ಅಡ್ಡಿಯೂ ಇಲ್ಲ.

ಇನ್ನೊಂದು ಕಷ್ಟ ಮುಚ್ಚಿಡುವುದು. "ಅವ್ರಿಗಿ ಹೇಳಬ್ಯಾಡ್ರಿ, ಎದಿ ಒಡಕೋತಾರ" ಎಂದು ಮಗ ವೈದ್ಯರಿಗೆ ಕೈಮುಗಿಯುತ್ತಾನೆ. ಒಳಗೆ ಮಲಗಿರುವ ತಂದೆಗೆ ಎಷ್ಟೋ ಸಲ ಎಲ್ಲವೂ ಗೊತ್ತಿರುತ್ತದೆ. ಹೊಲ ಯಾರ ಹೆಸರಿಗೆ, ಮಗಳ ಮದುವೆ ಹೇಗೆ, ಯಾರ ಹತ್ತಿರ ಎಷ್ಟು ಬಾಕಿ ಎಂದು ಹೇಳಿ ಹೋಗಬೇಕಾದ ಮಾತುಗಳು ಉಳಿದುಬಿಡುತ್ತವೆ. ಅನುಭವಿ ಆಪ್ತಸಲಹೆಗಾರರು ಸತ್ಯವನ್ನು ಹೇರುವುದಿಲ್ಲ. ರೋಗಿಗೆ ಎಷ್ಟು ತಿಳಿದಿದೆ, ಎಷ್ಟು ತಿಳಿಯಬೇಕು ಎಂದು ಅವರನ್ನೇ ಕೇಳಿ ನಿಧಾನವಾಗಿ ಮುಂದೆ ಹೋಗುತ್ತಾರೆ. ಇದು ರೋಗಿಯ ಮಾತಿನಲ್ಲೇ ನಡೆಯಬೇಕಾದ ಸಂಭಾಷಣೆ. ತೆಲುಗು, ಉರ್ದು ಚೆನ್ನಾಗಿ ಬರುವ ಬೀದರಿನ ವ್ಯಾಪಾರಿಗೆ ತೊಂದರೆ ಇಲ್ಲ; ಕನ್ನಡವಷ್ಟೇ ಬಲ್ಲ ದೇವದುರ್ಗದ ಅಜ್ಜಿ ತನ್ನ ಬ್ಯಾನಿಯನ್ನು ಮೊಮ್ಮಗನ ಬಾಯಿಂದ ಹೇಳಿಸಬೇಕಾಗುತ್ತದೆ. ಮೊಮ್ಮಗನ ಮುಂದೆ ಹೇಳಲಾಗದ್ದನ್ನು ಆಕೆ ಹೇಳುವುದೇ ಇಲ್ಲ. ಹೈದರಾಬಾದಿನ ಕನ್ನಡ ಸಂಘಗಳು ಸ್ವಯಂಸೇವಕರಾಗಿ ನೆರವಾಗಬಹುದಾದ ಜಾಗ ಇದು.

ರೋಗಿ ಮನೆಯಲ್ಲೇ ತೀರಿಕೊಂಡರೆ ಸಾವಿನ ಕಾರಣದ ಬಗ್ಗೆ ನೋಡುತ್ತಿದ್ದ ವೈದ್ಯರಿಂದ ಪ್ರಮಾಣಪತ್ರ ಪಡೆದು 21 ದಿನಗಳೊಳಗೆ ನೋಂದಣಿ ಮಾಡಿಸಬೇಕು. ಮನೆಭೇಟಿಯ ತಂಡವಿದ್ದರೆ ಇದು ಸುಲಭ. ದುಃಖದಲ್ಲಿರುವ ಮನೆಯವರನ್ನು ಕೆಲವು ವಾರಗಳ ನಂತರ ಮತ್ತೆ ಹೋಗಿ ಕಾಣುವುದೂ ಹಾಸ್ಪೈಸ್ ಸೇವೆಯ ಅಂಗ.

ಕರ್ನಾಟಕದಲ್ಲಿ ಮತ್ತು ಗಡಿಯಾಚೆ

ಕರ್ನಾಟಕದ ಹೆಸರಾಂತ ಹಾಸ್ಪೈಸ್ ಬೆಂಗಳೂರಿನ ಕರುಣಾಶ್ರಯ. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರ ರೋಟರಿ ಸೇರಿ 1994ರಲ್ಲಿ ಟ್ರಸ್ಟ್ ಸ್ಥಾಪಿಸಿದವು. ಮರುವರ್ಷವೇ ಮನೆಭೇಟಿ ಶುರುವಾಯಿತು. ಮಾರತ್‌ಹಳ್ಳಿಯ ಕಟ್ಟಡ ತೆರೆದದ್ದು 1999ರಲ್ಲಿ. ಕಟ್ಟಡಕ್ಕಿಂತ ಮೊದಲು ಮನೆಭೇಟಿ ಆರಂಭಿಸಿದ್ದು ಸರಿಯಾದ ಕ್ರಮ. ವಾಸ್ತುಶಿಲ್ಪಿ ಸಂಜಯ್ ಮೋಹೆ ಅಂಗಳದ ನಡುವೆ ಕೊಳವಿಟ್ಟು, ಹಾಸಿಗೆಯಿಂದಲೇ ಗಿಡ, ಆಕಾಶ ಕಾಣುವಂತೆ ಆ ಕಟ್ಟಡವನ್ನು ರೂಪಿಸಿದರು. ಇಲ್ಲಿಯೂ ಆರೈಕೆ ಉಚಿತ.

ಕಾಸರಗೋಡಿನ ಕನ್ನಡಿಗರ ಸ್ಥಿತಿ ಬೇರೆ. 2008ರಲ್ಲಿ ಕೇರಳ ಸರ್ಕಾರ ಉಪಶಾಮಕ ಆರೈಕೆಯ ನೀತಿ ಪ್ರಕಟಿಸಿ ಗ್ರಾಮ ಪಂಚಾಯಿತಿಗಳಿಗೆ ಮನೆಭೇಟಿಯ ಹೊಣೆ ಕೊಟ್ಟಿತು. ಹೀಗಾಗಿ ಮಂಜೇಶ್ವರ, ಎಣ್ಮಕಜೆಯ ಮನೆಗಳಿಗೂ ಪಂಚಾಯಿತಿಯ ದಾದಿ ಬರುತ್ತಾರೆ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ವಿಮಾನದಿಂದ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ನರಳಿದ ಪಡ್ರೆಯಂಥ ಊರುಗಳು ಇಲ್ಲಿವೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಸುಪ್ರೀಂ ಕೋರ್ಟ್ 2017ರಲ್ಲಿ ಆದೇಶಿಸಿದಾಗ ಜೀವಮಾನದ ಚಿಕಿತ್ಸೆಯ ಮಾತೂ ಬಂದಿತ್ತು. ಹಾಸ್ಪೈಸ್ ಆರೈಕೆ ಕ್ಯಾನ್ಸರಿಗಷ್ಟೇ ಸೀಮಿತವಲ್ಲ ಎಂಬುದನ್ನು ಈ ಊರುಗಳು ತೋರಿಸುತ್ತವೆ.

ತೆಲಂಗಾಣವೂ ಕಳೆದ ದಶಕದಲ್ಲಿ ಜಿಲ್ಲಾ ಮಟ್ಟದ ಉಪಶಾಮಕ ಕೇಂದ್ರಗಳನ್ನು ತೆರೆಯತೊಡಗಿತು: ಕೆಲವು ಹಾಸಿಗೆ, ವೈದ್ಯರು, ದಾದಿಯರು, ಮನೆಭೇಟಿಗೊಂದು ವಾಹನ.

ಕಾನೂನಿನ ಇನ್ನೊಂದು ಮುಖ ಜೀವ ಹಿಡಿದಿಡುವ ಯಂತ್ರಗಳ ನೆರವು ನಿಲ್ಲಿಸುವುದಕ್ಕೆ ಸಂಬಂಧಿಸಿದ್ದು. ಹೊನ್ನಾವರ ತಾಲ್ಲೂಕಿನ ಹಳದೀಪುರದ ದಾದಿ ಅರುಣಾ ಶಾನಭಾಗ್ 1973ರ ಹಲ್ಲೆಯ ನಂತರ 2015ರವರೆಗೆ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿದ್ದರು. ಅಲ್ಲಿನ ದಾದಿಯರು ಅವರನ್ನು ಅಷ್ಟು ವರ್ಷ ಜತನದಿಂದ ನೋಡಿಕೊಂಡರು. ಅವರ ಪ್ರಕರಣದಲ್ಲಿ 2011ರಲ್ಲಿ ಬಂದ ತೀರ್ಪು ಮುಂದಿನ ಚರ್ಚೆಗೆ ದಾರಿಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟ್ ಘನತೆಯ ಸಾವನ್ನು ಹಕ್ಕೆಂದು ಒಪ್ಪಿ, ಅಂಥ ನೆರವು ಬೇಡವೆಂದು ಮೊದಲೇ ಬರೆದಿಡುವ ಮುಂಚಿತ ಇಚ್ಛಾಪತ್ರಕ್ಕೆ ಮಾನ್ಯತೆ ನೀಡಿತು; 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದ್ದು 2025ರ ಜನವರಿಯಲ್ಲಿ. ಆದರೆ ನೋವು ಕಳೆಯುವ ಮಾತ್ರೆ ತಾಲ್ಲೂಕಿನಲ್ಲಿ ಸಿಗದಿದ್ದರೆ ಈ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಕಲ್ಯಾಣ ಕರ್ನಾಟಕಕ್ಕೆ ಮೊದಲು ಬೇಕಾದದ್ದು ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಮಾರ್ಫಿನ್ ಮತ್ತು ಮನೆಭೇಟಿಗೆ ಕನ್ನಡ ಬಲ್ಲ ಒಂದು ತಂಡ.

ಹೈದರಾಬಾದಿನ ಆಸ್ಪತ್ರೆಯಿಂದ ರೋಗಿಯನ್ನು ಊರಿಗೆ ಕರೆದೊಯ್ಯುವ ಮನೆಯವರು ಡಿಸ್ಚಾರ್ಜ್ ಚೀಟಿಯ ಜೊತೆಗೆ ಮೂರನ್ನು ಕೇಳಿ ಪಡೆಯಬೇಕು: ನೋವಿನ ಔಷಧದ ಲಿಖಿತ ಪ್ರಮಾಣ, ಮುಂದಿನ ಮಾತ್ರೆಗಳು ಎಲ್ಲಿ ಸಿಗುತ್ತವೆ ಎಂಬ ವಿವರ, ರಾತ್ರಿ ಹೊತ್ತೂ ಉತ್ತರಿಸುವ ಒಂದು ಫೋನ್ ನಂಬರು.