ಮೇಣದಬತ್ತಿ ಹಚ್ಚಿದ ಖಾನಾವಳಿ

ಪುಣೆಯ ಒಂದು ಪುಟ್ಟ ಇಟಾಲಿಯನ್ ಹೋಟೆಲನ್ನು ಈ ಅಂಕಣದಲ್ಲಿ ‘ಖಾನಾವಳಿ’ ಎಂದು ಕರೆದದ್ದು ಕೋಥರೂಡಿನ ಓದುಗರೊಬ್ಬರಿಗೆ ಸರಿಬಂದಿಲ್ಲ. ಮೂಲ ಗದಗ ಕಡೆಯವರು, ಬದುಕೆಲ್ಲ ಪುಣೆಯಲ್ಲಿ. ಪತ್ರ ಖಾರವಾಗಿದೆ. ಮೇಣದಬತ್ತಿ ಹಚ್ಚಿ, ಮೇಜಿಗೆ ಬಟ್ಟೆ ಹಾಸಿ ಪಾಸ್ತಾ ಬಡಿಸುವ ಜಾಗಕ್ಕೆ ಆ ಹೆಸರಿಟ್ಟರೆ ಆ ಹೋಟೆಲಿಗೂ ಅವಮಾನ, ನಮ್ಮ ಖಾನಾವಳಿಗೂ ಅವಮಾನವಂತೆ. ‘ಅಲ್ಲಿನ ಆಂಬಿಯೆನ್ಸೇ ಬೇರೆ, ಇಲ್ಲಿನ ಆಂಬಿಯೆನ್ಸೇ ಬೇರೆ’ ಎಂದಿದ್ದಾರೆ. ಕನ್ನಡದ ಪದವನ್ನು ತಪ್ಪಾಗಿ ಬಳಸಿದೆನೆಂದು ದೂರುವ ಒಂದೇ ವಾಕ್ಯದಲ್ಲಿ ಎರಡು ಆಂಬಿಯೆನ್ಸ್! ಇರಲಿ.

ನಾನು ಪದ ಹಿಂತೆಗೆದುಕೊಳ್ಳುವುದಿಲ್ಲ.

ಮೊದಲು ಆ ಜಾಗ ಎಂಥದೆಂದು ಹೇಳಿಬಿಡುತ್ತೇನೆ. ಹಳೆಯ ಬಂಗಲೆಯ ಕೆಳಗಿನ ಎರಡು ಕೋಣೆ, ಆರೇಳು ಮೇಜು. ಹೆಂಡತಿ ಒಲೆಯ ಮುಂದೆ, ಗಂಡ ಬಡಿಸಲಿಕ್ಕೂ ಬಿಲ್ಲು ಬರೆಯಲಿಕ್ಕೂ. ಇವತ್ತು ಏನಿದೆ ಎಂಬುದು ಗೋಡೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ. ಪಕ್ಕದ ಮೇಜಿನವರು ಇದಕ್ಕೆ ಸ್ವಲ್ಪ ಪನೀರ್ ಹಾಕಿಕೊಡ್ತೀರಾ ಎಂದು ಕೇಳಿದರು. ಆ ಮನುಷ್ಯ ನಗುತ್ತಲೇ ‘ಇಲ್ಲ’ ಎಂದ. ಈ ‘ಇಲ್ಲ’ದ ಮೇಲೆಯೇ ನನ್ನ ವಾದವೆಲ್ಲ ನಿಂತಿದೆ.

ಪುಣೆಗೆ ಇಟಲಿ ಹೊಸದಲ್ಲ. 1974ರಲ್ಲಿ ಕೋರೆಗಾಂವ್ ಪಾರ್ಕಿನಲ್ಲಿ ರಜನೀಶರ ಆಶ್ರಮ ಶುರುವಾದ ಮೇಲೆ ಯುರೋಪಿನವರು ಕೆಂಪು ನಿಲುವಂಗಿ ತೊಟ್ಟು ಆ ಗಲ್ಲಿಗಳಲ್ಲಿ ತಿರುಗಾಡಿದರು. ಮೋಕ್ಷ ಯಾರಿಗೆ ಸಿಕ್ಕಿತೋ ಕಾಣೆ, ಪುಣೆಗೆ ಮಾತ್ರ ಪಾಸ್ತಾ ಸಿಕ್ಕಿತು. ಲಿಟಲ್ ಇಟಲಿ ಎಂಬ ಸಸ್ಯಾಹಾರಿ ಇಟಾಲಿಯನ್ ಹೋಟೆಲುಗಳ ಬಳಗ 1989ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಆಶ್ರಮದ ಮಗ್ಗುಲಿನ ಡಾರಿಯೋಸ್ ಕೂಡ ಸಸ್ಯಾಹಾರಿಯೇ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದ ‘ಜೈನ್ ಪಾಸ್ತಾ’ ಈ ಊರಲ್ಲಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಇಟಲಿಯವರು ಕೇಳಿದರೆ ಏನೆನ್ನುತ್ತಾರೋ.

ಈಗ ಪದಕ್ಕೆ ಬರೋಣ. ‘ಖಾನೆ’ ಎಂದರೆ ಪಾರಸಿಯಲ್ಲಿ ಮನೆ, ಆದ್ದರಿಂದ ಖಾನಾವಳಿ ಎನ್ನುವವರು ದವಾಖಾನೆ, ಬಂದೀಖಾನೆಗಳಲ್ಲಿ ಸುಖವಾಗಿರಲಿ. ದೀಪಾವಳಿಯ ಹಾಗೆ ಇದೂ ‘ಆವಳಿ’, ಉಣ್ಣುವವರ ಸಾಲು ಎನ್ನುವವರ ಹತ್ತಿರ ನನಗೆ ಜಗಳವಿಲ್ಲ, ಪುರಸೊತ್ತೂ ಇಲ್ಲ. ನನ್ನ ಸಾಕ್ಷಿ ಇರುವುದು ಪುಣೆಯ ಲಕ್ಷ್ಮೀ ರಸ್ತೆಯ ಚಿನ್ನದಂಗಡಿಗಳಲ್ಲಿ. ಬಳೆ ಮಾಡಿದ ಕೂಲಿಗೆ ಮರಾಠಿಯಲ್ಲಿ ‘ಘಡಣಾವಳ’ ಎನ್ನುತ್ತಾರೆ. ಗಿರಣಿಯಲ್ಲಿ ಹಿಟ್ಟು ಬೀಸಿದ್ದಕ್ಕೆ ಕೊಡುವುದು ‘ದಳಣಾವಳ’, ಬಟ್ಟೆ ಒಗೆದದ್ದಕ್ಕೆ ‘ಧುಣಾವಳ’. ಹಾಗಾದರೆ ‘ಖಾಣಾವಳ’ ಎಂದರೇನು? ಉಂಡದ್ದರ ದುಡ್ಡು! ಹುಟ್ಟಿದಾಗ ಅದು ಜಾಗದ ಹೆಸರಲ್ಲ, ಬಾಕಿಯ ಹೆಸರು. ದುಡ್ಡಿನ ಹೆಸರೇ ಮುಂದೆ ದುಡ್ಡು ಕೊಡುವ ಕಟ್ಟಡಕ್ಕೆ ಅಂಟಿಕೊಂಡಿತು.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಅಂಕಣಕಾರನಲ್ಲ. ಸಾಗುವಳಿ, ಹಿಡುವಳಿ, ಹುಟ್ಟುವಳಿ, ಬಳುವಳಿ: ನಮ್ಮ ಈ ‘ವಳಿ’ಗಳನ್ನು ನೋಡಿ. ಎಲ್ಲವೂ ಭೂಮಿ, ಬೆಳೆ, ಕೊಡುಕೊಳೆಯ ಲೆಕ್ಕದ ಪುಸ್ತಕದಿಂದ ಎದ್ದು ಬಂದಂತಿವೆ. ಮರಾಠಿಯ ‘ಆವಳ’ ನಮ್ಮ ‘ವಳಿ’ಯ ಬಾಲವನ್ನೇ ಹಿಡಿದು ಹೊಳೆ ದಾಟಿತು ಎಂದು ನನ್ನ ಹಟ. ಪಂಡಿತರು ಒಪ್ಪುವುದು ಅನುಮಾನ. ಆದರೆ ಅಲ್ಲಿಂದ ಮರಳಿದ ಪದಕ್ಕೆ ನಾವು ತಡಮಾಡದೆ ಕೊನೆಯ ‘ಇ’ ಜೋಡಿಸಿದೆವಲ್ಲ, ‘ಚಳವಳ’ವನ್ನು ಚಳವಳಿ ಮಾಡಿಕೊಂಡ ಹಾಗೆ, ಅದು ಗುರುತು ಸಿಕ್ಕ ನೆಂಟನನ್ನು ಕರೆದ ರೀತಿಯಲ್ಲದೆ ಮತ್ತೇನು?

ಉಂಡದ್ದಕ್ಕೆ ದುಡ್ಡು ಕೊಡುವುದರಲ್ಲಿ ಏನು ದೊಡ್ಡದು ಎಂದು ಕೇಳಬಹುದು. ಅದನ್ನು ನನಗೆ ತಿಳಿಸಿದವರು ನಮ್ಮ ಸೋದರಮಾವ. ಧಾರವಾಡ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಓದುವ ಹುಡುಗರು ಪುಣೆಯ ರೈಲು ಹತ್ತುತ್ತಿದ್ದರು. ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ. ಮಾಡಿದ್ದು 1918ರಲ್ಲಿ, ಆ ದಾರಿ ಅಷ್ಟು ಹಳೆಯದು. ಮಾವ ಹೋದಾಗ ಕೈಯಲ್ಲಿ ಕಾಸಿರಲಿಲ್ಲ. ವಾರಾನ್ನ ಹಚ್ಚಿಕೊಂಡರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಉಣ್ಣಿಸಿದವರೆಲ್ಲ ಒಳ್ಳೆಯವರೇ. ಆದರೂ ಉಣ್ಣುವ ಮೊದಲು ಬಾವಿಯಿಂದ ಎರಡು ಕೊಡ ನೀರು ಸೇದಬೇಕು, ಉಂಡ ಮೇಲೆ ಆ ಮನೆಯ ಹುಡುಗನಿಗೆ ಲೆಕ್ಕ ಹೇಳಿಕೊಡಬೇಕು, ಪರೀಕ್ಷೆಯ ಅಂಕಗಳನ್ನು ಯಜಮಾನರಿಗೆ ಒಪ್ಪಿಸಬೇಕು. ಬುಧವಾರದ ಮನೆಯಲ್ಲಿ ಒಮ್ಮೆ ಬಾಯಿತಪ್ಪಿ ನುಗ್ಗೆಕಾಯಿ ಭಾಳ ರುಚಿ ಆಗೇದ ಎಂದುಬಿಟ್ಟರಂತೆ. ಅಲ್ಲಿಂದ ಪ್ರತಿ ಬುಧವಾರ ನುಗ್ಗೆಕಾಯಿ. ಆ ತಾಯಿ ಪ್ರೀತಿಯಿಂದ ಮಾಡುತ್ತಿದ್ದಳು, ಮಾವ ಪ್ರೀತಿಗೆ ಹೆದರಿ ಅಗಿಯುತ್ತಿದ್ದರು. ಬುಧವಾರ ಬಂದರೆ ಜ್ವರ ಬರಲಿ ಎಂದು ಬೇಡಿಕೊಳ್ಳುವ ಹಂತ ಮುಟ್ಟಿದ್ದರು.

ಆಮೇಲೆ ವಿದ್ಯಾರ್ಥಿವೇತನ ಬಂತು. ಸದಾಶಿವ ಪೇಟೆಯ ಒಂದು ಖಾನಾವಳಿಗೆ ತಿಂಗಳ ದುಡ್ಡು ಕಟ್ಟಿದರು. ನಡೆಸುತ್ತಿದ್ದವಳು ಒಬ್ಬ ವಿಧವೆ. ಮೊದಲ ದಿನ ಕುಂಬಳಕಾಯಿ ಪಲ್ಯ ಬಂತು. ಮಾವ ಎಲೆಯ ಮೇಲೆ ಕೈ ಅಡ್ಡ ಹಿಡಿದು ಬ್ಯಾಡ ಎಂದರು. ಆಕೆ ಮುಖ ಕೂಡ ನೋಡದೆ ಮುಂದಿನ ಎಲೆಗೆ ಹೋದಳು. ‘ಅವತ್ತ ನಾ ದೊಡ್ಡಾಂವ ಆದೆ’ ಎಂದು ಮಾವ ಹೇಳುತ್ತಿದ್ದರು. ಮರುದಿನ ಉಮೇದು ಹೆಚ್ಚಾಗಿ, ಕುಂಬಳಕಾಯಿ ಬದಲಿಗೆ ಬದನೆಕಾಯಿ ಆಗ್ತದೇನು ಎಂದು ಕೇಳಿದರಂತೆ. ಆಕೆ ಕೊಟ್ಟ ಉತ್ತರವನ್ನು ಮಾವ ಧಾರವಾಡದ ಕನ್ನಡಕ್ಕೆ ಇಳಿಸಿಯೇ ಹೇಳುತ್ತಿದ್ದರು: ‘ಬ್ಯಾಡ ಅನ್ನೋದು ನಿನ್ನ ಹಕ್ಕು. ಬ್ಯಾರೇದು ಬೇಕು ಅನ್ನೋದು ಅಲ್ಲ.’ ತಿಂಗಳ ದುಡ್ಡು ತಡವಾದರೂ ಆಕೆ ಒಂದು ಮಾತು ಆಡುತ್ತಿರಲಿಲ್ಲವಂತೆ. ತುಪ್ಪದ ಮಿಳ್ಳಿ ಮಾತ್ರ ಬಾಕಿ ಇದ್ದವರ ಎಲೆಯನ್ನು ದಾಟಿಕೊಂಡು ಹೋಗುತ್ತಿತ್ತು. ಭಾನುವಾರ ಮಧ್ಯಾಹ್ನ ಸಿಹಿಯೂಟ, ರಾತ್ರಿ ಬಾಗಿಲು ಬಂದ್. ಭಾನುವಾರ ರಾತ್ರಿಯ ಹಸಿವಿನ ಬಗ್ಗೆಯೇ ಅವರು ಒಂದು ಗಂಟೆ ಮಾತಾಡಬಲ್ಲವರಾಗಿದ್ದರು. ಜಾಗದ ಅಭಾವದಿಂದ ಬಿಡುತ್ತಿದ್ದೇನೆ.

ಖಾನಾವಳಿಯ ಲಕ್ಷಣವನ್ನು ಆ ತಾಯಿಗಿಂತ ಚೆನ್ನಾಗಿ ಯಾವ ನಿಘಂಟು ಹೇಳೀತು? ವಾರಾನ್ನದ ಮನೆಯಲ್ಲಿ ಬೇಡ ಎನ್ನುವಂತಿಲ್ಲ, ಬೇರೆಯದು ಬೇಕು ಎನ್ನುವಂತೆಯೂ ಇಲ್ಲ. ಹೋಟೆಲಿನಲ್ಲಿ ಎರಡೂ ನಡೆಯುತ್ತದೆ. ಖಾನಾವಳಿ ಇವೆರಡರ ನಡುವೆ ಇದೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ಕಟ್ಟಿದವನು ಯಾರೋ ಉಳ್ಳವನಿರಬೇಕು. ಧಾರವಾಡದ ಬಸಪ್ಪ ಖಾನಾವಳಿಯಲ್ಲಿ ರೊಟ್ಟಿ, ಎಣಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿಯ ಮುಂದೆ ಕೂತವನ ಇಚ್ಛೆಯನ್ನು ಯಾರು ಕೇಳಿದ್ದಾರೆ? ಕೇಳದಿರುವುದರಿಂದಲೇ ನೆಮ್ಮದಿ.

ಇಟಲಿಯವರಿಗೂ ಈ ಭೇದ ಗೊತ್ತು. ಗತ್ತಿನ ಜಾಗ ‘ರಿಸ್ತೊರಾಂತೆ’. ಮನೆಯವರೇ ನಡೆಸುವ ಪುಟ್ಟದು ‘ತ್ರಾತ್ತೊರಿಯಾ’. ಅದರ ನೆಂಟ ‘ತ್ರಾತ್ತಾರೆ’ ಎಂಬ ಕ್ರಿಯಾಪದಕ್ಕೆ ಉಪಚರಿಸು ಎಂದೂ ಅರ್ಥ, ವ್ಯವಹಾರ ಕುದುರಿಸು ಎಂದೂ ಅರ್ಥ. ತುಪ್ಪದ ಮಿಳ್ಳಿಯ ತಾಯಿ ಕೇಳಿದ್ದರೆ ತಲೆಯಾಡಿಸುತ್ತಿದ್ದಳು. ಇನ್ನೂ ಕೆಳಗಿನ ಮೆಟ್ಟಿಲು ‘ಓಸ್ತೆರಿಯಾ’. ಬೊಲೋನ್ಯದಲ್ಲಿ ಓಸ್ತೆರಿಯಾ ದೆಲ್ ಸೋಲೆ ಎಂಬುದು 1465ರಿಂದ ಇದೆ. ಅಲ್ಲಿ ಅವರು ಕೊಡುವುದು ದ್ರಾಕ್ಷಾರಸ ಮಾತ್ರ. ಬುತ್ತಿ ನೀವೇ ಕಟ್ಟಿಕೊಂಡು ಹೋಗಬೇಕು.

ಪತ್ರ ಬರೆದವರು ನಿಜವಾಗಿ ಸಿಟ್ಟಾಗಬೇಕಾದ ಜಾಗ ಬೆಂಗಳೂರಿನಲ್ಲಿದೆ. ಹವಾನಿಯಂತ್ರಿತ ಕಟ್ಟಡ, ಗೋಡೆಗೆ ಇಳಕಲ್ ಸೀರೆ, ಬಾಗಿಲಲ್ಲಿ ಸುಮ್ಮನೆ ನಿಂತ ಎತ್ತಿನ ಗಾಡಿ, ಮೇಲೆ ‘ಖಾನಾವಳಿ’ ಎಂಬ ಬೋರ್ಡು. ಮೆನು ಲಗ್ನಪತ್ರಿಕೆಗಿಂತ ದಪ್ಪ, ಗೋಬಿ ಮಂಚೂರಿಯೂ ಉಂಟು. ಏನು ಕೇಳಿದರೂ ‘ಆಗುತ್ತೆ ಸರ್’. ಎಲ್ಲವೂ ಆಗುವ ಜಾಗ ಖಾನಾವಳಿ ಹೇಗಾದೀತು? ಉಂಡು ಬಂದವರೂ ಈಗ ಊಟ ಚೆನ್ನಾಗಿತ್ತು ಎನ್ನುವುದಿಲ್ಲ, ‘ಫುಡ್ ಓಕೆ, ಸರ್ವಿಸ್ ಸ್ಲೋ’ ಎಂದು ತೀರ್ಪು ಕೊಡುತ್ತಾರೆ.

ಆ ಸರ್ವಿಸಿಗೂ ಒಂದು ದುಡ್ಡಿದೆ. ಇಟಲಿಯಲ್ಲಿ ಕೂತದ್ದಕ್ಕೆ ತಲೆಗಿಷ್ಟು ಎಂದು ‘ಕೊಪೆರ್ತೊ’ ಹಾಕುತ್ತಾರೆ, ಬ್ರೆಡ್ಡು ಮತ್ತು ಮೇಜಿನ ಬಟ್ಟೆಯ ಲೆಕ್ಕದಲ್ಲಿ. ರೋಮ್ ಇರುವ ಲಾತ್ಸಿಯೊ ಪ್ರಾಂತವು 2006ರಲ್ಲಿ ಕಾನೂನು ಮಾಡಿ ಅದನ್ನು ನಿಲ್ಲಿಸಿತು, ಬ್ರೆಡ್ಡಿಗೆ ದುಡ್ಡು ತೆಗೆದುಕೊಳ್ಳುವುದನ್ನು ಮಾತ್ರ ಬಿಟ್ಟಿತು. ನಮ್ಮಲ್ಲಿ ಅದೇ ‘ಸರ್ವಿಸ್ ಚಾರ್ಜ್’. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಬೇರೆ ಯಾವ ಹೆಸರಿಟ್ಟೂ ವಸೂಲು ಮಾಡುವಂತಿಲ್ಲ ಎಂಬ ಮಾತು ಆ ಮಾರ್ಗಸೂಚಿಯಲ್ಲೇ ಇದೆ. ಅದೊಂದು ಇಲ್ಲದಿದ್ದರೆ ‘ಬಡಿಸುವಳಿ’ ಎಂಬ ಒಳ್ಳೆಯ ಪದವನ್ನು ಹೋಟೆಲಿನವರಿಗೆ ನಾನೇ ಪುಕ್ಕಟೆ ಕೊಡುತ್ತಿದ್ದೆ.