ಕುದುರೆಯ ಒಡೆಯನೂ ಲಾಯದ ಯಜಮಾನನೂ

ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದಲ್ಲಿ ಥಾಮಸ್ ಹಾಬ್ಸನ್ ಎಂಬ ಬಂಡಿಕಾರನೊಬ್ಬನಿದ್ದನು. 1631ನೆಯ ಇಸವಿಯಲ್ಲಿ ತೀರಿಹೋದ ಈತನು ಲಂಡನ್ನಿಗೆ ಸರಕು ಸಾಗಿಸುವುದರ ಜೊತೆಗೆ ವಿದ್ಯಾರ್ಥಿಗಳಿಗೆ ಸವಾರಿಯ ಕುದುರೆಗಳನ್ನು ಬಾಡಿಗೆಗೆ ಕೊಡುತ್ತಿದ್ದನು. ಆತನ ಲಾಯದಲ್ಲಿ ನಲವತ್ತು ಕುದುರೆಗಳಿದ್ದರೂ ಬಂದವನು ಬಾಗಿಲಿಗೆ ಹತ್ತಿರ ನಿಂತ ಕುದುರೆಯನ್ನೇ ಒಯ್ಯಬೇಕು. ಒಲ್ಲದಿದ್ದರೆ ನಡೆದು ಹೋಗಬೇಕು ಎಂದು ಪ್ರತೀತಿ. ಪ್ರತಿಯೊಂದು ಕುದುರೆಗೂ ಸರದಿಯಂತೆ ದುಡಿಮೆಯೂ ವಿಶ್ರಾಂತಿಯೂ ದೊರೆಯಲೆಂಬುದೇ ಆ ಹಟದ ಮೂಲ. ಮಿಲ್ಟನ್ ಮಹಾಕವಿಯು ಈತನ ಮರಣವನ್ನು ಕುರಿತು ಪದ್ಯಗಳನ್ನು ರಚಿಸಿದನು. ಆಯ್ಕೆಯಿಲ್ಲದ ಆಯ್ಕೆಗೆ ಇಂದಿಗೂ ಆ ದೇಶದವರು ಈತನ ಹೆಸರನ್ನೇ ಇಟ್ಟಿರುವರು.

ಹಾಬ್ಸನ್ನನ ಮಾತು ಹೀಗೆ ನಡೆಯಿತೆಂದರೆ, ಲಾಯವೂ ಆತನದೇ, ಕುದುರೆಯೂ ಆತನದೇ ಆಗಿದ್ದುದರಿಂದ. ಲಾಯ ಒಬ್ಬನದು, ಕುದುರೆ ಇನ್ನೊಬ್ಬನದು ಆದಾಗ ಯಾರ ಮಾತು ನಡೆಯಬೇಕು? ಈ ಪ್ರಶ್ನೆಯ ಮೇಲೆ ಇಂಗ್ಲೆಂಡಿನ ಕೋರ್ಟುಗಳಲ್ಲಿ ಸುಮಾರು ಮುನ್ನೂರು ವರ್ಷಗಳ ಕಾಲ ವ್ಯಾಜ್ಯಗಳು ನಡೆದುವು. ಹಣ ಪಡೆದು ಪರರ ಕುದುರೆಗಳನ್ನು ಸಾಕುವ ಇಂಥ ಸ್ಥಳಕ್ಕೆ ಅಲ್ಲಿ ಲಿವರಿ ಲಾಯವೆಂದು ಹೆಸರು. ದೊಡ್ಡ ಮನೆಗಳಲ್ಲಿ ಪರಿವಾರಕ್ಕೂ ಕುದುರೆಗಳಿಗೂ ಅಳೆದು ಕೊಡುತ್ತಿದ್ದ ಆಹಾರದ ಪಾಲಿಗೆ ಮೊದಲು ಲಿವರಿಯೆಂದು ಕರೆಯುತ್ತಿದ್ದರು. ಹೆಸರಿನಲ್ಲಿಯೇ ಮೇವು ಅಡಗಿರುವುದು. ಜಗಳದ ಬೀಜವೂ ಆ ಮೇವಿನಲ್ಲಿಯೇ ಇತ್ತು.

ಇದನ್ನು ತಿಳಿಯಬೇಕಾದರೆ ಮೊದಲು ದಾರಿಯ ವಸತಿಗೃಹಗಳ ಸಂಗತಿಯನ್ನು ನೋಡಬೇಕು. ಅಲ್ಲಿಯ ಪುರಾತನ ನ್ಯಾಯದಂತೆ ವಸತಿಗೃಹದ ಯಜಮಾನನು ಸ್ಥಳವಿರುವ ತನಕ ಬಂದ ಪ್ರಯಾಣಿಕನನ್ನು ನಿರಾಕರಿಸುವಂತಿರಲಿಲ್ಲ. ಅತಿಥಿಯ ಸೊತ್ತು ಕಳುವಾದರೆ ಅದರ ಹೊಣೆಯೂ ಆತನದೇ. 1584ರಲ್ಲಿ ತೀರ್ಮಾನವಾದ ಕೇಲಿಯ ಮೊಕದ್ದಮೆಯಲ್ಲಿ ಈ ಹೊಣೆಯ ಎಲ್ಲೆಯನ್ನು ಗೊತ್ತುಮಾಡಿದರು. ಅತಿಥಿಯು ತಾನಾಗಿ ಹೇಳಿ ಕುದುರೆಯನ್ನು ಹುಲ್ಲುಗಾವಲಿಗೆ ಬಿಡಿಸಿದ್ದು, ಅಲ್ಲಿ ಅದು ಕಳುವಾದರೆ ಯಜಮಾನನು ಹೊಣೆಯಲ್ಲ. ಯಜಮಾನನು ತನ್ನಷ್ಟಕ್ಕೆ ತಾನೇ ಬಿಡಿಸಿದ್ದರೆ ಹೊಣೆಯುಂಟು.

ಇಷ್ಟು ಭಾರವನ್ನು ಹೊರಿಸಿದ ನ್ಯಾಯವು ಅದಕ್ಕೆ ಪ್ರತಿಯಾಗಿ ಆತನ ಕೈಗೆ ಒಂದು ಆಯುಧವನ್ನೂ ಕೊಟ್ಟಿತು. ಬಾಕಿ ಸಲ್ಲುವ ವರೆಗೆ ಕುದುರೆಯನ್ನು ತಡೆಹಿಡಿಯುವ ಹಕ್ಕೇ ಅದು. ವಕೀಲರು ಇದನ್ನು ಲೀನ್ ಎನ್ನುವರು. ಕುದುರೆಯನ್ನು ತಂದವನು ಅದರ ನಿಜವಾದ ಒಡೆಯನಲ್ಲದಿದ್ದರೂ ಈ ಹಕ್ಕು ಕೆಡುತ್ತಿರಲಿಲ್ಲವೆಂಬುದು 1616ರ ರಾಬಿನ್ಸನ್–ವಾಲ್ಟರ್ ಮೊಕದ್ದಮೆಯಿಂದ ತಿಳಿಯುವುದು. ಬಾಗಿಲಿಗೆ ಬಂದವನನ್ನು ಒಳಗೆ ಕರೆಯಲೇಬೇಕಾದವನು, ಆತನು ತಂದ ಕುದುರೆ ಯಾರದೆಂದು ವಿಚಾರಿಸುತ್ತ ಕುಳಿತಿರಲಾರನಷ್ಟೆ.

ಲಿವರಿ ಲಾಯದ ಯಜಮಾನನ ಸ್ಥಿತಿ ಬೇರೆ. ಆತನು ಬೇಕಾದವರ ಕುದುರೆಯನ್ನು ಸೇರಿಸಿಕೊಳ್ಳಬಹುದು, ಬೇಡವಾದವರನ್ನು ಹಿಂದಕ್ಕೆ ಕಳುಹಿಸಬಹುದು. ಆದುದರಿಂದ ಆತನಿಗೆ ತಡೆಹಿಡಿಯುವ ಹಕ್ಕೂ ಇಲ್ಲವೆಂದು ಕೋರ್ಟುಗಳು ಹೇಳಿದುವು. 1703ರ ಯಾರ್ಕ್–ಗ್ರೀನಾ ಮೊಕದ್ದಮೆಯಿಂದ ಮೊದಲುಗೊಂಡು ಈ ಭೇದವು ಸ್ಥಿರವಾಯಿತು. ತಿಂಗಳುಗಟ್ಟಲೆ ಹುಲ್ಲು ಕಾಳು ತಿನ್ನಿಸಿ, ಮೈಯುಜ್ಜಿ, ನೀರು ಕುಡಿಸಿ ಸಾಕಿದ ಮೇಲೆ, ಒಡೆಯನು ಬಿಡಿಕಾಸನ್ನೂ ಕೊಡದೆ ಬಂದು ಕೇಳಿದರೂ ಕುದುರೆಯನ್ನು ಬಿಟ್ಟುಕೊಡಬೇಕು. ಬಾಕಿಗೆ ಬೇರೆ ದಾವೆ ಹೂಡಬೇಕು. 1850ರ ಆರ್ಚರ್ಡ್–ರ್‍ಯಾಕ್‌ಸ್ಟ್ರಾ ಮೊಕದ್ದಮೆಯಲ್ಲಿ ಲಾಯದವನು ಕುದುರೆಯ ಚಿಕಿತ್ಸೆಗೂ ಕೈಯಿಂದ ಹಣ ಹಾಕಿದ್ದನು. ಅದರ ಬಲದಿಂದಲೂ ಕುದುರೆಯನ್ನು ಹಿಡಿದಿಡುವಂತಿಲ್ಲವೆಂದೇ ತೀರ್ಪಾಯಿತು.

ಆದರೆ ಮೊದಲೇ ಕರಾರು ಮಾಡಿಕೊಂಡಿದ್ದರೆ ಮಾತು ಬೇರೆಯಾಗುತ್ತಿತ್ತು. 1824ರ ವಾಲೆಸ್–ವುಡ್‌ಗೇಟ್ ಮೊಕದ್ದಮೆಯಲ್ಲಿ ಬಾಕಿಗಾಗಿ ಕುದುರೆಗಳೇ ಆಧಾರವೆಂದು ಒಡಂಬಡಿಕೆಯಾಗಿತ್ತು. ಒಡೆಯನು ಉಪಾಯದಿಂದ ಅವನ್ನು ಲಾಯದಿಂದ ಹೊರಗೆ ಸಾಗಿಸಿಬಿಟ್ಟನು. ವಂಚನೆಯಿಂದ ಹೋದ ಹಕ್ಕು ಹೋದಂತಲ್ಲ. ಬಲಾತ್ಕಾರವಿಲ್ಲದೆ ಸಾಧ್ಯವಾದರೆ ಲಾಯದವನು ಕುದುರೆಗಳನ್ನು ಮರಳಿ ಹಿಡಿದು ತರಬಹುದು ಎಂದು ಕೋರ್ಟು ಹೇಳಿತು.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಪರರ ವಸ್ತುವಿನ ಮೇಲೆ ದುಡಿದು ಅದರ ಬೆಲೆಯನ್ನು ಹೆಚ್ಚಿಸಿದವನಿಗೆ ಕೂಲಿ ಸಲ್ಲುವ ತನಕ ಆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕುಂಟೆಂಬುದು ಹಳೆಯ ನಿಯಮ. ಹಾಗಾದರೆ ಕುದುರೆಯನ್ನು ಪಳಗಿಸಿದವನಿಗೆ? 1828ರ ಬೆವನ್–ವಾಟರ್ಸ್ ಮೊಕದ್ದಮೆಯಲ್ಲಿ ಜೂಜಿನ ಕುದುರೆಯ ಶಿಕ್ಷಕನಿಗೆ ಆ ಹಕ್ಕು ದೊರೆಯಿತು. 1838ರಲ್ಲಿ ಹೆಣ್ಣುಕುದುರೆಗೆ ಬೀಜದ ಕುದುರೆಯನ್ನು ಕೂಡಿಸಿದವನಿಗೂ ದೊರೆಯಿತು. ಆದರೆ 1839ರ ಜ್ಯಾಕ್ಸನ್–ಕಮಿನ್ಸ್ ಮೊಕದ್ದಮೆಯಲ್ಲಿ ಪರರ ಹಸುಗಳನ್ನು ಮೇಯಿಸಿದವನಿಗೆ ದೊರೆಯಲಿಲ್ಲ. ಮೇಯಿಸುವುದರಿಂದ ಪ್ರಾಣಿಯು ಇದ್ದಂತೆ ಉಳಿಯುವುದೇ ಹೊರತು ಅದಕ್ಕೆ ಹೊಸ ಗುಣವೇನೂ ಸೇರದು ಎಂಬುದು ಆ ನ್ಯಾಯಾಧೀಶರ ತರ್ಕವು. ಬರಗಾಲವನ್ನು ಕಂಡ ರೈತನಿಗೆ ಈ ತರ್ಕವು ಒಪ್ಪಿಗೆಯಾಗುವುದು ಕಷ್ಟ. ಮೇವಿಲ್ಲದ ಕುದುರೆಗೆ ಬೆಲೆಯೆಲ್ಲಿಯದು?

ಒಡೆಯರು ಸೋತ ಮೊಕದ್ದಮೆಗಳೂ ಇಲ್ಲದಿಲ್ಲ. 1874ರ ಸರ್ಲ್–ಲ್ಯಾವರಿಕ್ ಮೊಕದ್ದಮೆಯಲ್ಲಿ ಒಬ್ಬನು ತನ್ನ ಕುದುರೆಗಳನ್ನೂ ಗಾಡಿಗಳನ್ನೂ ಲಿವರಿ ಲಾಯದಲ್ಲಿ ಇರಿಸಿದ್ದನು. ಗಾಡಿಗಳನ್ನು ನಿಲ್ಲಿಸಿದ್ದ ಕಟ್ಟಡವು ಇನ್ನೂ ಪೂರ್ಣವಾಗಿರಲಿಲ್ಲ. ಬಿರುಗಾಳಿಗೆ ಉರುಳಿ ಬಿದ್ದು ಗಾಡಿಗಳು ಜಖಂ ಆದುವು. ಲಾಯದ ಯಜಮಾನನು ಸಮರ್ಥನಾದ ಕಟ್ಟಡದ ಗುತ್ತಿಗೆದಾರನಿಗೆ ಕೆಲಸವನ್ನು ಒಪ್ಪಿಸಿದ್ದನು. ಸಾಮಾನ್ಯ ಎಚ್ಚರಿಕೆಯನ್ನು ವಹಿಸಿದರೆ ಸಾಕು, ಅದಕ್ಕೆ ಮಿಗಿಲಾದ ಹೊಣೆ ಆತನಿಗಿಲ್ಲವೆಂದು ಕೋರ್ಟು ತೀರ್ಮಾನಿಸಿತು. ಈ ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ತಕ್ಕಡಿಯು ಕಾಣುವುದು. ವಸತಿಗೃಹದವನಿಗೆ ಹೊಣೆ ಭಾರವಾದುದು, ಹಕ್ಕೂ ಬಲವಾದುದು. ಲಾಯದವನಿಗೆ ಹೊಣೆ ಹಗುರ, ಹಕ್ಕು ಶೂನ್ಯ.

ತಕ್ಕಡಿಯು ಸರಿಯಾಗಿಯೇ ಇದ್ದಿತು. ಆದರೆ ಅದರಲ್ಲಿ ತೂಗಿದ ವಸ್ತುವು ಜೀವವುಳ್ಳದ್ದು. ದರ್ಜಿಯು ತಡೆಹಿಡಿದ ಅಂಗಿಯು ಪೆಟ್ಟಿಗೆಯಲ್ಲಿ ಸುಮ್ಮನಿರುವುದು. ತಡೆಹಿಡಿದ ಕುದುರೆಯಾದರೋ ದಿನವೂ ತಿನ್ನುವುದು. ಬಾಕಿಯನ್ನು ವಸೂಲು ಮಾಡಲೆಂದು ಕಟ್ಟಿದ ಪ್ರಾಣಿಯೇ ಬಾಕಿಯನ್ನು ಬೆಳೆಸುವುದು. ಹಿಡಿದಿಡುವ ಹಕ್ಕಿದ್ದ ವಸತಿಗೃಹದವನಿಗೂ ಮಾರುವ ಹಕ್ಕಿರಲಿಲ್ಲ. ಸವಾರಿಗೆ ಬಳಸಿಕೊಳ್ಳುವ ಹಕ್ಕೂ ಇರಲಿಲ್ಲ. ಲಂಡನ್ ಮತ್ತು ಎಕ್ಸೆಟರ್ ನಗರಗಳಲ್ಲಿ ಮಾತ್ರ ಒಂದು ಹಳೆಯ ರೂಢಿಯಿದ್ದಿತು: ಕುದುರೆಯು ತನ್ನ ಬೆಲೆಯಷ್ಟು ಮೇವನ್ನು ತಿಂದು ಮುಗಿಸಿದರೆ, ನೆರೆಯವರು ನಾಲ್ವರು ಬೆಲೆ ಕಟ್ಟಿದ ಮೇಲೆ ಯಜಮಾನನು ಅದನ್ನು ತನ್ನದಾಗಿ ಮಾಡಿಕೊಳ್ಳಬಹುದು.

ಬೇರೆ ಊರುಗಳವರಿಗೆ ಈ ಅನುಕೂಲವಿರಲಿಲ್ಲ. 1878ರ ಮಲಿನರ್–ಫ್ಲಾರೆನ್ಸ್ ಮೊಕದ್ದಮೆಯಲ್ಲಿ ಅತಿಥಿಯೊಬ್ಬನು ಜೋಡಿ ಕುದುರೆಗಳೊಡನೆ ಬಂದಿಳಿದು ಬಾಕಿ ತೀರಿಸದೆ ಹೋದನು. ಬೇಸತ್ತ ಯಜಮಾನನು ಕುದುರೆಗಳನ್ನು ಮಾರಿಬಿಟ್ಟನು. ಮಾರಿದ ಕ್ಷಣಕ್ಕೆ ಆತನ ಹಕ್ಕೇ ಅಳಿಯಿತೆಂದು ಕೋರ್ಟು ಹೇಳಿದುದರಿಂದ, ನ್ಯಾಯವಾಗಿ ಬರಬೇಕಾದ ಬಾಕಿ ಇದ್ದರೂ ಆತನು ಕುದುರೆಗಳ ಬೆಲೆಯನ್ನು ತೆರಬೇಕಾಯಿತು. ಅದೇ ವರ್ಷ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿ, ಆರು ವಾರ ಕಾದು, ಲಂಡನ್ನಿನ ಒಂದು ಪತ್ರಿಕೆಯಲ್ಲಿಯೂ ಸ್ಥಳದ ಒಂದು ಪತ್ರಿಕೆಯಲ್ಲಿಯೂ ಒಂದು ತಿಂಗಳು ಮುಂಚಿತವಾಗಿ ಪ್ರಕಟಿಸಿ, ಹರಾಜಿನಲ್ಲಿ ಮಾರಲು ವಸತಿಗೃಹದವರಿಗೆ ಅನುಮತಿಯಿತ್ತಿತು. ಲಿವರಿ ಲಾಯದವನು ಆ ಶಾಸನದ ಹೊರಗೆಯೇ ಉಳಿದನು.

ಈ ಭೇದವು ಕಡಲನ್ನು ದಾಟಿ ನಮ್ಮ ದೇಶಕ್ಕೂ ಬಂದಿತು. 1872ರ ಭಾರತೀಯ ಕರಾರು ಶಾಸನದ 170ನೆಯ ಕಲಮಿನಂತೆ, ಒಪ್ಪಿಸಿದ ವಸ್ತುವಿನ ಮೇಲೆ ಶ್ರಮವನ್ನೋ ಕೌಶಲವನ್ನೋ ವಿನಿಯೋಗಿಸಿದವನು ಬೇರೆ ಕರಾರಿಲ್ಲದಿದ್ದರೆ ಕೂಲಿ ಸಲ್ಲುವ ತನಕ ಅದನ್ನು ಇಟ್ಟುಕೊಳ್ಳಬಹುದು. ಅಲ್ಲಿ ಕೊಟ್ಟಿರುವ ಉದಾಹರಣೆಗಳು ವಜ್ರವನ್ನು ಕಡೆಯುವ ರತ್ನಗಾರನದೂ ಅಂಗಿ ಹೊಲಿಯುವ ದರ್ಜಿಯದೂ ಆಗಿವೆ. ಪ್ರಾಣಿಯನ್ನು ಸಾಕುವವನ ಮಾತು 163ನೆಯ ಕಲಮಿನಲ್ಲಿ ಬರುವುದು: ನೋಡಿಕೊಳ್ಳಲೆಂದು ಬಿಟ್ಟ ಹಸು ಕರು ಹಾಕಿದರೆ ಹಸುವಿನೊಡನೆ ಕರುವನ್ನೂ ಒಡೆಯನಿಗೆ ಒಪ್ಪಿಸತಕ್ಕದ್ದು.

ಇಂಗ್ಲೆಂಡಿನಲ್ಲಿ 1956ರ ಶಾಸನವು ವಸತಿಗೃಹದವರಿಗೆ ಕುದುರೆಗಳ ಮೇಲಿದ್ದ ಹಳೆಯ ಹಕ್ಕನ್ನು ತೆಗೆದುಹಾಕಿತು. 1977ರ ಮತ್ತೊಂದು ಶಾಸನವು, ಒಡೆಯನು ಬಂದು ಒಯ್ಯದೆ ಬಿಟ್ಟ ವಸ್ತುವನ್ನು ನೋಟೀಸು ಕೊಟ್ಟು ಮಾರುವ ದಾರಿಯನ್ನು ತೋರಿಸಿತು. ಆದರೂ ಲಾಯದವನು ಬಾಗಿಲಿಗೆ ಬೀಗ ಹಾಕುವುದೂ ಒಡೆಯನು ರಾತ್ರೋರಾತ್ರಿ ಕುದುರೆಯನ್ನು ಸಾಗಿಸುವುದೂ ನಿಂತಿಲ್ಲ. ಇಬ್ಬರಿಗೂ ರಕ್ಷೆಯೆಂದರೆ 1824ರಲ್ಲಿದ್ದಂತೆಯೇ ಮೊದಲು ಮಾಡಿಕೊಂಡ ಸ್ಪಷ್ಟವಾದ ಕರಾರೊಂದೇ.

ಇಷ್ಟು ಕಾಲದ ವ್ಯಾಜ್ಯಗಳಲ್ಲಿ ಕುದುರೆಯು ಒಬ್ಬನಿಗೆ ಸೊತ್ತಾಗಿಯೂ ಇನ್ನೊಬ್ಬನಿಗೆ ಒತ್ತೆಯಾಗಿಯೂ ಇದ್ದಿತು. ಅದರ ಹಸಿವನ್ನು ಕೇಳಿದವರು ವಿರಳ. 2006ರ ಪ್ರಾಣಿಹಿತದ ಶಾಸನವು ಈ ಕೊರತೆಯನ್ನು ತುಂಬಿತು. ಪ್ರಾಣಿಯ ಒಡೆಯನು ಮಾತ್ರವಲ್ಲದೆ, ಕೆಲಕಾಲದ ಮಟ್ಟಿಗೆ ಅದನ್ನು ವಹಿಸಿಕೊಂಡವನೂ ಅದರ ಅಗತ್ಯಗಳಿಗೆ ಹೊಣೆಯೆಂದು ಅದು ವಿಧಿಸಿತು. ಬಾಕಿ ಎಷ್ಟೇ ಇರಲಿ, ಜಗಳ ಯಾರದೇ ಇರಲಿ, ಕಟ್ಟಿದ ಕುದುರೆಗೆ ಮೇವು ನೀರು ತಪ್ಪಕೂಡದು. ದಣಿದ ಕುದುರೆಗೆ ಸರದಿಯಂತೆ ವಿಶ್ರಾಂತಿಯನ್ನು ಕೊಡಿಸಿದ ಹಾಬ್ಸನ್ನನು ಲಾಯದ ಈ ಮೊದಲ ಧರ್ಮವನ್ನು ಶಾಸನವಿಲ್ಲದೆಯೇ ಅರಿತಿದ್ದನು.